ಆರು ಸಾವಿರ ಸಾಲಿನ ಫ್ಯೂಷನ್ ಪಾಸನ್ನು ಬಿಚ್ಚಿ ಜೋಡಿಸಿದ್ದು: ನನ್ನ ಅನುಭವ

ನಮ್ಮದು ಎಐ ಮಾಡೆಲುಗಳನ್ನು ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಓಡುವ ಕೋಡಾಗಿಸುವ ಕಂಪೈಲರ್. ಅದರ ಫ್ಯೂಷನ್ ಪಾಸ್, ಅಂದರೆ ಹಲವು ಲೆಕ್ಕಗಳನ್ನು ಒಂದಾಗಿ ಬೆಸೆಯುವ ಹಂತ, ಒಂದೇ ಕಡತದಲ್ಲಿತ್ತು. ಸುಮಾರು 6,000 ಸಾಲುಗಳು. ಅದನ್ನು ಮೊದಲು ಬರೆದವರಲ್ಲಿ ಈಗ ಯಾರೂ ತಂಡದಲ್ಲಿಲ್ಲ, ಆಮೇಲೆ ಕೈಹಾಕಿದವರೆಲ್ಲ ಒಂದು ದೋಷವನ್ನು ತಿದ್ದಿ ಎರಡನ್ನು ಬಿಟ್ಟುಹೋಗಿದ್ದರು. ಹೊರಬರುವ ಐಆರ್‌ನಲ್ಲಿ (ಕಂಪೈಲರ್ ತನ್ನೊಳಗೆ ಬಳಸುವ ನಡುವಿನ ರೂಪದಲ್ಲಿ) ಒಂದು ಬೈಟೂ ಬದಲಾಗದಂತೆ ಈ ಪಾಸನ್ನು ಬಿಚ್ಚಿ ಮರುಜೋಡಿಸುತ್ತೇನೆ, ದೋಷಗಳನ್ನು ಆಮೇಲೆ ಬೇರೆಯಾಗಿ ತಿದ್ದುತ್ತೇನೆ ಎಂದು ನಾನು ಹೇಳಿದಾಗ ತಂಡದ ಹಿರಿಯರು ಒಪ್ಪಲಿಲ್ಲ. ಬೈಟ್ ಲೆಕ್ಕದ ಹೋಲಿಕೆ ಪ್ರಿಂಟರಿಗೆ ಸರಿ, ಕಂಪೈಲರಿಗಲ್ಲ ಎಂದು ಒಬ್ಬರು ಸಭೆಯಲ್ಲೇ ಹೇಳಿದರು. ಏಳು ತಿಂಗಳ ಬಳಿಕ ಆ ಪಾಸ್ ಈಗ 14 ಕಡತಗಳಲ್ಲಿದೆ, ಯಾವ ಕಡತವೂ 800 ಸಾಲುಗಳನ್ನು ಮೀರಿಲ್ಲ, ಮತ್ತು ಹೋಲಿಕೆಯ ಸ್ಕ್ರಿಪ್ಟನ್ನು ಮೊದಲು ಕೇಳಿ ಪಡೆದವರು ಅದೇ ಹಿರಿಯರು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ಎರಡು ಸಲ ಸೋತಿದ್ದೆ. ಮೊದಲ ಸಲ ಪಾಸನ್ನು ಬೇರೆ ಬ್ರಾಂಚಿನಲ್ಲಿ ಬುಡದಿಂದ ಹೊಸದಾಗಿ ಬರೆಯಲು ಹೊರಟೆ. ಎರಡು ತಿಂಗಳಾಗುವಷ್ಟರಲ್ಲಿ ಮುಖ್ಯ ಬ್ರಾಂಚಿನಲ್ಲಿ ಹಳೆಯ ಪಾಸಿಗೆ ಇನ್ನೂ ಮೂವತ್ತು ನಲವತ್ತು ಪ್ಯಾಚುಗಳು ಬಿದ್ದಿದ್ದವು, ಅವುಗಳಲ್ಲಿ ಅರ್ಧದಷ್ಟು ಏಕೆ ಬೇಕೆಂಬುದು ನನಗೆ ತಿಳಿಯಲೇ ಇಲ್ಲ. ಆ ಬ್ರಾಂಚನ್ನು ಅಳಿಸಿದೆ. ಎರಡನೆಯ ಸಲ ಚಿಕ್ಕ ಚಿಕ್ಕ ಬದಲಾವಣೆಗಳನ್ನು ಮಾಡುತ್ತ, ಪ್ರತಿ ರಾತ್ರಿ ಮಾಡೆಲುಗಳನ್ನು ಜಿಪಿಯು ಮೇಲೆ ಓಡಿಸಿ ಉತ್ತರಗಳನ್ನು ಹೋಲಿಸಿದೆ. ನಾಲ್ಕು ಜಿಪಿಯುಗಳ ಬಾಡಿಗೆ ಯಂತ್ರ ರಾತ್ರಿಗೆ ಆರು ಗಂಟೆ ಓಡುತ್ತಿತ್ತು, ಅಂದರೆ ತಿಂಗಳಿಗೆ 700 ಜಿಪಿಯು ಗಂಟೆಗಳಿಗೂ ಮೇಲೆ. ಮೂರನೆಯ ತಿಂಗಳ ಬಿಲ್ಲು ಬಂದಾಗ ಆ ಬಾಡಿಗೆಗೆ ಒಪ್ಪಿಗೆ ಕೊಟ್ಟಿದ್ದವರು ನನ್ನನ್ನು ಕರೆಸಿಕೊಂಡು, ಇಷ್ಟು ಹಣಕ್ಕೆ ಎಷ್ಟು ದೋಷಗಳು ಸಿಕ್ಕವು ಎಂದು ಕೇಳಿದರು. ಸಿಕ್ಕಿದ್ದು ಎರಡು, ಅವೆರಡೂ ನಾನೇ ಆ ತಿಂಗಳಲ್ಲಿ ಹುಟ್ಟಿಸಿದವು.

ಮೂರನೆಯ ಸಲ ಜಿಪಿಯುವನ್ನು ಬದಿಗಿಟ್ಟೆ. ಪಾಸ್ ಮುಗಿದ ಮೇಲಿನ ಐಆರ್ ಡಂಪನ್ನೇ (ಪಠ್ಯವಾಗಿ ಮುದ್ರಿಸಿದ ಐಆರ್ ಅನ್ನೇ) ಸಾಕ್ಷಿಯಾಗಿ ಇಟ್ಟುಕೊಂಡರೆ ಸಾಮಾನ್ಯ ಸಿಪಿಯು ಸಾಕು, ಏಕೆಂದರೆ ಮಾಡೆಲನ್ನು ಓಡಿಸುವ ಅಗತ್ಯವೇ ಇಲ್ಲ. ಆದರೆ ಮೊದಲ ದಿನವೇ ಎಡವಿದೆ: ಒಂದೇ ಬೈನರಿ, ಒಂದೇ ಮಾಡೆಲ್, ಎರಡು ಸಲ ಓಡಿಸಿದರೆ ಎರಡು ಬೇರೆ ಡಂಪುಗಳು. ಕಾರಣವನ್ನು ಈ ಕ್ಷೇತ್ರದವರು ಊಹಿಸಬಲ್ಲರು. ಪಾಯಿಂಟರುಗಳನ್ನು, ಅಂದರೆ ಮೆಮೊರಿ ವಿಳಾಸಗಳನ್ನು, ಕೀಲಿಯಾಗಿಟ್ಟುಕೊಂಡ ಡೆನ್ಸ್‌ಮ್ಯಾಪ್ ಎಂಬ ನಿಶ್ಚಿತ ಕ್ರಮವಿಲ್ಲದ ಕೋಷ್ಟಕದ ಮೇಲೆ ಲೂಪ್ ಹಾಕಿ, ಸಿಕ್ಕ ಕ್ರಮದಲ್ಲೇ ಫ್ಯೂಷನ್ ಗುಂಪುಗಳನ್ನು ಕಟ್ಟಲಾಗುತ್ತಿತ್ತು. ವಿಳಾಸಗಳು ಬದಲಾದಂತೆ ಗುಂಪುಗಳೂ ಬದಲಾಗುತ್ತಿದ್ದವು. ಕಂಪೈಲರುಗಳನ್ನು ಕಟ್ಟಲು ಬಳಸುವ ಎಲ್‌ಎಲ್‌ವಿಎಂ ಎಂಬ ತಂತ್ರಾಂಶದಲ್ಲಿ ಇಂತಹ ಮ್ಯಾಪುಗಳ ಮೇಲಿನ ಲೂಪನ್ನು ಕೊನೆಯಿಂದ ಮೊದಲಿಗೆ ನಡೆಸುವ ಬಿಲ್ಡ್ ಆಯ್ಕೆಯೊಂದಿದೆ. ಅದನ್ನು ಹಾಕಿ ಬಿಲ್ಡ್ ಮಾಡಿದಾಗ ಕ್ರಮವನ್ನು ನೆಚ್ಚಿದ್ದ 23 ಜಾಗಗಳು ಸಿಕ್ಕವು, ಅವುಗಳನ್ನೆಲ್ಲ ಸೇರಿಸಿದ ಕ್ರಮವನ್ನು ಉಳಿಸುವ ಮ್ಯಾಪ್‌ವೆಕ್ಟರ್ ಅಥವಾ ಸೆಟ್‌ವೆಕ್ಟರ್‌ಗೆ ಬದಲಿಸಿದೆ. ಈ ಕೆಲಸಕ್ಕೇ ಮೂರು ವಾರ ಹಿಡಿಯಿತು, ಕಂಪೈಲ್ ಸಮಯ ಶೇಕಡಾ ಎರಡರಷ್ಟು ಏರಿತು, ಆ ಎರಡಕ್ಕಾಗಿ ಒಂದು ಇಡೀ ಮಧ್ಯಾಹ್ನ ವಾದ ನಡೆಯಿತು. ನಾನು ಬಿಟ್ಟುಕೊಡಲಿಲ್ಲ. ಕ್ರಮ ಸ್ಥಿರವಾಗದೆ ಮುಂದಿನ ಯಾವ ಹೆಜ್ಜೆಯೂ ಸಾಧ್ಯವಿರಲಿಲ್ಲ.

ಆಮೇಲೆ 38 ಮಾಡೆಲುಗಳ ಡಂಪುಗಳನ್ನು ತೆಗೆದಿಟ್ಟೆ. ಥ್ರೆಡಿಂಗನ್ನು (ಕೆಲಸವನ್ನು ಏಕಕಾಲಕ್ಕೆ ಹಂಚಿ ಓಡಿಸುವುದನ್ನು) ನಿಲ್ಲಿಸಿ, ಮಾಡೆಲ್ ಕಲಿತ ತೂಕಗಳ ದೊಡ್ಡ ಟೆನ್ಸರುಗಳನ್ನು (ಸಂಖ್ಯೆಗಳ ಕೋಷ್ಟಕಗಳನ್ನು) ಮುದ್ರಿಸದೆ ಅವುಗಳ ಹ್ಯಾಷನ್ನಷ್ಟೇ (ಬೆರಳಚ್ಚಿನಂತಹ ಚಿಕ್ಕ ಸಂಖ್ಯೆಯನ್ನಷ್ಟೇ) ಇಟ್ಟುಕೊಂಡರೆ ಪೂರ್ತಿ ಹೋಲಿಕೆ ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಹನ್ನೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಆ 38ನ್ನು ಯಾವ ಲೆಕ್ಕದಲ್ಲಿ ಆರಿಸಿದೆ, ಸಾಲುಗಳ ಸ್ಥಾನದ ಮಾಹಿತಿಯನ್ನು ಹೋಲಿಕೆಗೆ ಮುಂಚೆ ಹೇಗೆ ಹದಗೊಳಿಸಿದೆ ಎಂಬ ಎರಡು ಸಂಗತಿಗಳನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಕಷ್ಟಪಟ್ಟು ಸಂಪಾದಿಸಿದ್ದು.

ವಿಧಾನದ ತಿರುಳು ಒಂದೇ ನಿಯಮ. ಕೋಡಿನ ರಚನೆಯನ್ನು ಬದಲಿಸುವ ಕಮಿಟಿನಲ್ಲಿ (ಒಮ್ಮೆಗೆ ದಾಖಲಿಸುವ ಬದಲಾವಣೆಯಲ್ಲಿ) ಡಂಪ್ ಬದಲಾಗಬಾರದು. ದೋಷವನ್ನು ತಿದ್ದುವ ಕಮಿಟಿನಲ್ಲಿ ಡಂಪ್ ಬದಲಾಗಲೇಬೇಕು, ಎಲ್ಲಿ ಬದಲಾಗುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟಿರಬೇಕು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ಹಳೆಯ ದೋಷವನ್ನು ಹೊಸ ಕೋಡಿನಲ್ಲಿ ಬೇಕೆಂದೇ ಮತ್ತೆ ಬರೆಯಬೇಕಾಗುತ್ತದೆ. ಎಲ್ಲರಿಗೂ ನಗು ಬಂದದ್ದು ಇಲ್ಲಿಯೇ.

ಅಂತಹ ಒಂದು ದೋಷವನ್ನು ಬಿಡಿಸಿ ಹೇಳುತ್ತೇನೆ. ಫ್ಯೂಷನ್ನಿನ ನಂತರ ಬಫರುಗಳ (ಟೆನ್ಸರುಗಳನ್ನಿಡುವ ಮೆಮೊರಿ ಜಾಗಗಳ) ಮರುಬಳಕೆಯನ್ನು ನಿರ್ಧರಿಸುವ ಭಾಗವನ್ನು ಬೇರೆ ಪಾಸಾಗಿ ಎತ್ತಿಟ್ಟ ದಿನ ಕೆಲವು ಮಾಡೆಲುಗಳ ಡಂಪ್ ಬದಲಾಯಿತು, ಒಂದರಲ್ಲಿ ಹಳೆಯದರಲ್ಲಿಲ್ಲದ ಒಂದೇ ಒಂದು ಅಲಾಕ್ ಸಾಲು (ಹೊಸ ಬಫರ್ ಕೇಳುವ ಸಾಲು) ಕಾಣಿಸಿಕೊಂಡಿತು: 2048 ಸಾಲು, 4096 ಕಂಬ, 16 ಬಿಟ್ ಫ್ಲೋಟ್, ಅಂದರೆ ಸರಿಯಾಗಿ 16 ಎಂಬಿ. ತಪ್ಪು ನನ್ನದೇ ಎಂದುಕೊಂಡು ಎರಡು ದಿನ ಹುಡುಕಿದೆ. ತಪ್ಪು ಹಳೆಯ ಕೋಡಿನದು. ಮಾಡೆಲಿನ ಲೆಕ್ಕಗಳ ಗ್ರಾಫಿನಲ್ಲಿ ಎಕ್ಸ್ ಎಂಬ ಟೆನ್ಸರನ್ನು ಮೊದಲು 0.1ರಿಂದ ಗುಣಿಸಲಾಗುತ್ತಿತ್ತು, ನಂತರ ಅದೇ ಎಕ್ಸ್ ನಾರ್ಮಲೈಸೇಷನ್ನಿಗೆ (ಸಂಖ್ಯೆಗಳನ್ನು ಸರಾಸರಿ 0, ವೇರಿಯನ್ಸ್ ಅಂದರೆ ಹರಡಿಕೆ 1 ಆಗುವಂತೆ ಹೊಂದಿಸುವ ಲೆಕ್ಕಕ್ಕೆ) ಹೋಗುತ್ತಿತ್ತು, ಕೊನೆಗೆ ಎರಡೂ ಕವಲುಗಳು ಸಂಕಲನದಲ್ಲಿ ಸೇರುತ್ತಿದ್ದವು. ಫ್ಯೂಷನ್ ಆ ಗುಣಾಕಾರವನ್ನು ಕೆಳಗಿಳಿಸಿ ಸಂಕಲನದೊಳಗೆ ಸೇರಿಸಿತು. ಹಾಗಾಗಿ ಎಕ್ಸ್‌ನ ಕೊನೆಯ ಬಳಕೆ ನಾರ್ಮಲೈಸೇಷನ್ನಿನ ಕೆಳಗೆ ಸರಿಯಿತು. ಆದರೆ ಐಆರ್ ಬದಲಾಗಿದ್ದರೂ ಎಲ್ಲ ವಿಶ್ಲೇಷಣೆಗಳೂ ಇನ್ನೂ ಊರ್ಜಿತವೆಂದು ಪಾಸಿನ ಕೊನೆಯಲ್ಲಿ ಯಾರೋ ಗುರುತು ಹಾಕಿದ್ದರು. ಆದ್ದರಿಂದ ಕ್ಯಾಷಿನಲ್ಲಿದ್ದ ಹಳೆಯ ಲೈವ್‌ನೆಸ್ ಲೆಕ್ಕ (ಯಾವ ಟೆನ್ಸರ್ ಎಲ್ಲಿಯವರೆಗೆ ಬೇಕು ಎಂಬ ಲೆಕ್ಕ), ನಾರ್ಮಲೈಸೇಷನ್ನೇ ಎಕ್ಸ್‌ನ ಕೊನೆಯ ಬಳಕೆ ಎಂದು ಹೇಳಿತು, ಫಲಿತಾಂಶವನ್ನು ಎಕ್ಸ್‌ನ ಬಫರಿನ ಮೇಲೆಯೇ ಬರೆಯಲಾಯಿತು, ಕೆಳಗಿನ ಗುಣಾಕಾರ ಕೆಟ್ಟ ಎಕ್ಸ್ ಅನ್ನು ಓದಿತು. ನಾನು ಪಾಸನ್ನು ಒಡೆದಾಗ ಆ ಗುರುತು ಬಿಟ್ಟುಹೋಗಿ, ಲೈವ್‌ನೆಸ್ ಹೊಸದಾಗಿ ಲೆಕ್ಕವಾಗಿ, ಇರಬೇಕಾಗಿದ್ದ ಬಫರ್ ತಾನಾಗಿಯೇ ಬಂದಿತ್ತು.

ಅಷ್ಟೊಂದು ಜಿಪಿಯು ರಾತ್ರಿಗಳಲ್ಲಿ ಇದು ಸಿಗದಿದ್ದುದೇಕೆ? ನಮ್ಮ ಪರೀಕ್ಷೆಗಳು ಇನ್‌ಪುಟ್ಟಾಗಿ ಕೊಡುತ್ತಿದ್ದುದು ಸರಾಸರಿ 0, ವೇರಿಯನ್ಸ್ 1 ಇರುವ ಯಾದೃಚ್ಛಿಕ ಸಂಖ್ಯೆಗಳನ್ನು. ಅಂತಹ ಟೆನ್ಸರನ್ನು ನಾರ್ಮಲೈಸ್ ಮಾಡಿದರೆ ಹೆಚ್ಚುಕಡಿಮೆ ಅದೇ ಟೆನ್ಸರ್ ಸಿಗುತ್ತದೆ, ಉಳಿದ ಸಣ್ಣ ವ್ಯತ್ಯಾಸವನ್ನು 0.1ರ ಗುಣಾಕಾರ ಇನ್ನಷ್ಟು ಕುಗ್ಗಿಸುತ್ತದೆ, 16 ಬಿಟ್ಟಿನ ನೆಪದಲ್ಲಿ 0.01ಕ್ಕೆ ಸಡಿಲಿಸಿದ್ದ ಮಿತಿಯೊಳಗೆ ಅದು ಆರಾಮವಾಗಿ ಹಾದುಹೋಗುತ್ತದೆ. ನಿಯಮದಂತೆ ನಾನು ಆ ಸುಳ್ಳು ಗುರುತನ್ನು ಹೊಸ ಪಾಸಿನಲ್ಲಿ ಮತ್ತೆ ಹಾಕಿ, ಡಂಪುಗಳು ಹೊಂದುವುದನ್ನು ನೋಡಿ ಕಮಿಟ್ ಮಾಡಿದೆ. ಮುಂದಿನ ಕಮಿಟಿನಲ್ಲಿ ಒಂದೇ ಸಾಲನ್ನು ತೆಗೆದೆ. 38ರಲ್ಲಿ ಐದು ಮಾಡೆಲುಗಳ ಡಂಪ್ ಬದಲಾಯಿತು. ಆ ಐದರ ಬಗ್ಗೆಯೂ, ಉತ್ತರ ಏಕೋ ಸ್ವಲ್ಪ ಹಳಸಲಾಗಿದೆ ಎಂಬ ದೂರು ವರ್ಷದಿಂದ ಇತ್ತು.

ಉಳಿದ ದೋಷಗಳು ಇಷ್ಟು ಕಾಡಲಿಲ್ಲ. ಒಂದು ಕಡೆ ಟೆನ್ಸರಿನ ಸಾಲು, ಕಂಬಗಳ ಸೂಚ್ಯಂಕವನ್ನು ಚಿಹ್ನೆಯುಳ್ಳ 32 ಬಿಟ್ ಪೂರ್ಣಾಂಕವೊಂದಕ್ಕೆ ಚಪ್ಪಟೆಗೊಳಿಸಲಾಗುತ್ತಿತ್ತು. 65,536 ಮತ್ತು 32,768ರ ಗುಣಲಬ್ಧ 2,147,483,648. ಆ ಪೂರ್ಣಾಂಕ ಹಿಡಿಯಬಲ್ಲ ಗರಿಷ್ಠಕ್ಕಿಂತ ಸರಿಯಾಗಿ ಒಂದು ಹೆಚ್ಚು. ಟೆನ್ಸರಿನ ಗಾತ್ರವನ್ನೇ ಅದರಲ್ಲಿ ಇಟ್ಟಿದ್ದರಿಂದ ಅದು ಋಣಸಂಖ್ಯೆಯಾಗಿ, ಲೂಪ್ ಒಮ್ಮೆಯೂ ಓಡದೆ ಮುಗಿಯುತ್ತಿತ್ತು. ಇನ್ನೊಂದು ಕಡೆ ನ್ಯಾನ್ ಅನ್ನು (‘ಇದು ಸಂಖ್ಯೆಯಲ್ಲ’ ಎಂಬ ವಿಶೇಷ ಬೆಲೆಯನ್ನು) ದಾಟಿಸುವ ಮ್ಯಾಕ್ಸಿಮಮ್ಮಿನ ಬದಲು ನ್ಯಾನ್ ಅನ್ನು ನುಂಗುವ ಮ್ಯಾಕ್ಸ್‌ನಮ್ ಬಂದು ಕುಳಿತಿತ್ತು. ಹಾಗಾಗಿ ಮೇಲೆಲ್ಲೋ ಹುಟ್ಟಿದ ನ್ಯಾನ್ ಕೆಳಗೆ ಮಾಯವಾಗಿ, ಕೆಟ್ಟ ಉತ್ತರ ಒಳ್ಳೆಯ ಉತ್ತರದಂತೆ ಕಾಣುತ್ತಿತ್ತು.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಐಆರ್ ಅನ್ನು ತಿದ್ದುವ ನಿಯಮಗಳಾದ ಪ್ಯಾಟರ್ನುಗಳ ವರ್ಕ್‌ಲಿಸ್ಟನ್ನು (ಸರದಿಯ ಪಟ್ಟಿಯನ್ನು) ಬೀಜಸಂಖ್ಯೆಯೊಂದರಿಂದ ಯಾದೃಚ್ಛಿಕವಾಗಿ ಕಲಸಿ ಓಡಿಸಿದಾಗ ಮೂರು ಮಾಡೆಲುಗಳ ಅಂತಿಮ ಐಆರ್ ಬದಲಾಯಿತು. ಒಂದು ಪ್ಯಾಟರ್ನ್ ರೀಶೇಪನ್ನು (ಟೆನ್ಸರಿನ ಆಕಾರ ಬದಲಿಸುವ ಹೆಜ್ಜೆಯನ್ನು) ಮೇಲಕ್ಕೆ ತಳ್ಳುತ್ತಿತ್ತು, ಇನ್ನೊಂದು ಕೆಳಕ್ಕೆ ಎಳೆಯುತ್ತಿತ್ತು, ಸುತ್ತುಗಳ ಮಿತಿ ಮುಗಿದಾಗ ಯಾರ ಸರದಿಯೋ ಅವರು ಗೆಲ್ಲುತ್ತಿದ್ದರು. ಯಾದೃಚ್ಛಿಕ ಗ್ರಾಫುಗಳನ್ನು ಹುಟ್ಟಿಸುವ ಯಂತ್ರವನ್ನೂ ಬರೆದೆ. ಅದು ಕೊಟ್ಟ ಕ್ರ್ಯಾಷುಗಳಲ್ಲಿ ಬಹುಪಾಲು ನಮ್ಮ ಯಾವ ಮಾಡೆಲಿನಲ್ಲೂ ಬರದ, ಸೊನ್ನೆ ಗಾತ್ರದ ಟೆನ್ಸರುಗಳವು. ಒಂದು ತಿಂಗಳು ಹೋಯಿತೆಂದೇ ಹೇಳಬೇಕು, ಆದರೂ ಅದನ್ನು ಅಳಿಸಲು ಮನಸ್ಸಾಗಿಲ್ಲ.

ಜಿಪಿಯು ಬಾಡಿಗೆ ಈಗ ವಾರಕ್ಕೆ ಒಂದು ರಾತ್ರಿಗೆ ಇಳಿದಿದೆ, ಅದೂ ವೇಗವನ್ನು ಅಳೆಯುವುದಕ್ಕೆ ಮಾತ್ರ. ಹಳೆಯ ಕಡತದಲ್ಲಿ ಸುಮಾರು ನೂರು ಸಾಲಿನ ಒಂದು ಫಂಕ್ಷನ್ ಮಾತ್ರ ಉಳಿದಿದೆ: ಪ್ಯಾಡಿಂಗನ್ನು (ಟೆನ್ಸರಿನ ಅಂಚಿಗೆ ತುಂಬುವ ಭರ್ತಿಯನ್ನು) ಎರಡು ಸಲ ಲೆಕ್ಕ ಹಾಕಿ, ಎರಡನೆಯದನ್ನು ಬಳಸುತ್ತದೆ. ಮೊದಲನೆಯದನ್ನು ತೆಗೆದರೆ ಒಂದು ಮಾಡೆಲಿನ ಡಂಪ್ ಬದಲಾಗುತ್ತದೆ. ಏಕೆಂದು ಇನ್ನೂ ಹುಡುಕುತ್ತಿದ್ದೇನೆ.