ಹನ್ನೆರಡು ಮೇಜುಗಳ ಅಲುಗಾಟ

ನಾನು ಮಾಡಿಕೊಟ್ಟ ಮೊದಲ ಮೇಜು ಐದನೇ ತಿಂಗಳಿಗೆ ಸೀಳಿತು. ಬೆಳಿಗ್ಗೆ ಕೆಲಸಕ್ಕೆ ಬಂದವರೊಬ್ಬರು ಆ ಬಿರುಕಿನೊಳಗೆ ವಿಸಿಟಿಂಗ್ ಕಾರ್ಡೊಂದನ್ನು ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆದು ನನಗೆ ಕಳುಹಿಸಿದ್ದರು. ಕೆಳಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ಬೈದಿದ್ದರೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ಮರಗೆಲಸ ನನ್ನ ಕಸುಬು. ಬಾಗಿಲು, ಕಪಾಟು, ಊಟದ ಮೇಜು ಎಲ್ಲವನ್ನೂ ಮಾಡಿದ್ದೆ. ಆದರೆ ಅವೆಲ್ಲ ಮರಕ್ಕೆ ಮರವನ್ನೇ ಜೋಡಿಸಿದವು. ಬೇರೆ ಬೇರೆ ಉದ್ಯೋಗದ ಹನ್ನೆರಡು ಮಂದಿ ಸೇರಿ ಹಂಚಿಕೊಂಡ ಕಚೇರಿಯೊಂದು ಕಬ್ಬಿಣದ ಕಾಲಿನ ಮೇಲೆ ಗಟ್ಟಿ ಮರದ ಹಲಗೆ ಇರುವ ಮೇಜುಗಳನ್ನು ಕೇಳಿದಾಗ, ಇದರಲ್ಲೇನಿದೆ, ಕಾಲನ್ನು ಬೇರೊಬ್ಬರು ಬೆಸೆಯುತ್ತಾರೆ, ನಾನು ಹಲಗೆ ಕೂರಿಸಿ ಸ್ಕ್ರೂ ತಿರುಗಿಸಿದರಾಯಿತು ಎಂದುಕೊಂಡೆ. ಮಾದರಿಗೆಂದು ಎರಡು ಮೇಜು ಮೊದಲು ಮಾಡಿಕೊಟ್ಟದ್ದು ನನ್ನ ಪುಣ್ಯ. ಹನ್ನೆರಡನ್ನೂ ಒಟ್ಟಿಗೆ ಮಾಡಿದ್ದರೆ ಹನ್ನೆರಡು ಫೋಟೋ ಬರುತ್ತಿದ್ದವು.

ತಪ್ಪು ಸ್ಕ್ರೂ ರಂಧ್ರದಲ್ಲಿತ್ತು. ಹಲಗೆ ಓಕ್ ಮರದ್ದು: 1400 ಮಿಲಿಮೀಟರ್ ಉದ್ದ, 700 ಅಗಲ, 30 ದಪ್ಪ. ಮರ ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣ ಗಾಳಿಯಲ್ಲಿ ಕುಗ್ಗುತ್ತದೆ. ಮರದ ನಾರಿನ ಎಳೆಯ ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲ. ಎಳೆಗೆ ಅಡ್ಡವಾಗಿ, ಅಂದರೆ ಹಲಗೆಯ ಅಗಲಕ್ಕೆ, ಬರುತ್ತದೆ. ಮರದೊಳಗಿನ ತೇವ ಶೇ. 12ರಿಂದ 8ಕ್ಕೆ ಇಳಿದರೆ, ಸಾಮಾನ್ಯವಾಗಿ ಕೊಯ್ದ 700 ಮಿಲಿಮೀಟರ್ ಅಗಲದ ಓಕ್ ಹಲಗೆ ಸುಮಾರು 10 ಮಿಲಿಮೀಟರ್ ಕಿರಿದಾಗುತ್ತದೆ. ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ನೇರವಾಗಿ ನಿಲ್ಲುವಂತೆ ಕೊಯ್ದಿದ್ದರೆ ಅದರ ಅರ್ಧ. ಕೆಳಗಿನ ಕಬ್ಬಿಣಕ್ಕೆ ತೇವದ ಗೊಡವೆಯೇ ಇಲ್ಲ. ಬಿಸಿಲಿಗೂ ಚಳಿಗೂ 20 ಡಿಗ್ರಿ ವ್ಯತ್ಯಾಸವಾದರೂ 700 ಮಿಲಿಮೀಟರಿಗೆ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ಇಲ್ಲ. ಕಚೇರಿಯಲ್ಲಿ ದಿನವಿಡೀ ಎ.ಸಿ. ಓಡುತ್ತಿತ್ತು. ಹಲಗೆ ಒಣಗಿ ಕುಗ್ಗಲು ನೋಡಿತು; ನಾನು ಮುಂದೆ ಹಿಂದೆ ಎರಡೂ ಕಡೆ ಅದನ್ನು ಕಬ್ಬಿಣಕ್ಕೆ ಬಿಗಿದು ಹಾಕಿದ್ದೆ. ಎಳೆದಾಟದಲ್ಲಿ ಸೋಲುವುದು ಮರವೇ.

ಇಷ್ಟೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಾಗಿಲ ಚೌಕಟ್ಟಿನ ತೋಡಿನೊಳಗೆ ಹಲಗೆಯನ್ನು ಅಂಟು ಹಾಕದೆ ಸಡಿಲವಾಗಿ ಕೂರಿಸುವುದು ಈ ಕಾರಣಕ್ಕೇ. ಕೈಗೆ ಗೊತ್ತಿದ್ದ ಸಂಗತಿ ಕಬ್ಬಿಣ ಕಂಡೊಡನೆ ಮರೆತುಹೋಗಿತ್ತು.

ಎರಡನೇ ಸಲ ಹೀಗೆ ಮಾಡಿದೆ. ಹಲಗೆಯ ಅಡಿಯಲ್ಲಿ ಎಂ6, ಅಂದರೆ 6 ಮಿಲಿಮೀಟರ್ ದಪ್ಪದ, ಬೋಲ್ಟಿಗೆ ಸರಿಹೊಂದುವ, ಒಳಗೆ ತಿರುಪು ಇರುವ ಹಿತ್ತಾಳೆಯ ಕೊಳವೆಗಳನ್ನು ಕೂರಿಸಿದೆ. ಸ್ಕ್ರೂವನ್ನು ಮರಕ್ಕೆ ನೇರ ಹಾಕಿದರೆ ಎರಡು ಮೂರು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಿಡಿತ ಹೋಗುತ್ತದೆ, ಹಂಚಿಕೊಂಡ ಕಚೇರಿಯ ಮೇಜನ್ನೋ ಯಾರಾದರೂ ಯಾವಾಗಲಾದರೂ ಬಿಚ್ಚುವವರೇ. ಚೌಕಟ್ಟಿನ ಮುಂಭಾಗದಲ್ಲಿ ದುಂಡನೆಯ ರಂಧ್ರ, ಹಿಂಭಾಗದಲ್ಲಿ 7 ಮಿಲಿಮೀಟರ್ ಅಗಲ, 20 ಮಿಲಿಮೀಟರ್ ಉದ್ದದ ಸೀಳುರಂಧ್ರ; ಅದರ ಉದ್ದ ಎಳೆಗೆ ಅಡ್ಡವಾಗಿರಬೇಕು. ಮುಂಭಾಗ ಕದಲುವುದಿಲ್ಲ, ಹಾಗಾಗಿ ಕೂತವರ ಕಡೆಯ ಅಂಚು ವರ್ಷವಿಡೀ ಒಂದೇ ಗೆರೆಯಲ್ಲಿರುತ್ತದೆ. ಹಿಗ್ಗುವುದು ಕುಗ್ಗುವುದು ಎಲ್ಲ ಹಿಂದಕ್ಕೆ. ಬೋಲ್ಟಿನ ತಲೆಯಡಿ ಅಗಲವಾದ ವಾಷರ್ ಮತ್ತು ಸ್ಪ್ರಿಂಗ್ ವಾಷರ್ ಹಾಕಿ, ಪೂರ್ತಿ ಬಿಗಿದು ಆಮೇಲೆ ಕಾಲು ಸುತ್ತು ಬಿಚ್ಚಿದೆ. ಇನ್ನೊಂದು ಸಣ್ಣ ಸಂಗತಿ: ಬೋಲ್ಟನ್ನು ಕಣ್ಣು ಮುಚ್ಚಿ ಸೀಳಿನ ನಡುವೆ ಇಡಬಾರದು. ಮಳೆಗಾಲದಲ್ಲಿ ಜೋಡಿಸುವಾಗ ಮರ ಉಬ್ಬಿರುತ್ತದೆ, ಇನ್ನು ಮುಂದೆ ಅದು ಕುಗ್ಗುವುದೇ ಹೆಚ್ಚು. ಆಗ ಬೋಲ್ಟು ಹಿಂದಿನ ತುದಿಗೆ ಹತ್ತಿರವಿರಬೇಕು. ಒಣಗಾಲದಲ್ಲಿ ಇದರ ತಿರುಗುಮುರುಗು. ತೇವಮಾಪಕದ ಎರಡು ಮೊಳೆಗಳನ್ನು ಹಲಗೆಗೆ ಚುಚ್ಚಿ ನೋಡಿದರೆ ಊಹೆಯ ಕಾಟವಿಲ್ಲ.

ಅಲುಗಬೇಕಾದದ್ದಕ್ಕೆ ಜಾಗ ಕೊಟ್ಟದ್ದಾಯಿತು. ಅಲುಗಬಾರದ್ದು ಇನ್ನೂ ಅಲುಗುತ್ತಿತ್ತು.

ಮಾದರಿಯ ಎರಡು ಮೇಜುಗಳನ್ನು ಎದುರುಬದುರಾಗಿ, ಆರು ಕಾಲಿನ ಒಂದೇ ಚೌಕಟ್ಟಿನ ಮೇಲೆ ಮಾಡಿದ್ದೆ. ಕಬ್ಬಿಣವೂ ಉಳಿತಾಯ, ನೋಡಲೂ ಅಚ್ಚುಕಟ್ಟು. ಒಬ್ಬರು ಕೀಲಿಮಣೆ ಕುಟ್ಟುವವರು, ಎದುರು ಕೂತವರು ನಕ್ಷೆ ಬಿಡಿಸುವವರು. ಇವರು ಒಂದು ವಾಕ್ಯ ಬರೆದರೆ ಅವರ ಪರದೆ ನಡುಗುತ್ತಿತ್ತು. ಕೂತಲ್ಲೇ ಕಾಲು ಕುಣಿಸುವ ಅಭ್ಯಾಸವಿದ್ದ ಮೂರನೆಯವರು ಒಂದು ದಿನ ಅಲ್ಲಿ ಕೂತರಂತೆ. ಮಧ್ಯಾಹ್ನದ ಹೊತ್ತಿಗೆ ನಕ್ಷೆಯವರು ಕಿಟಕಿಯ ಕಟ್ಟೆಗೆ ವಲಸೆ ಹೋದರು. ಹಂಚಿಕೊಂಡ ಕಚೇರಿಯಲ್ಲಿ ಇಂಟರ್ನೆಟ್ಟು, ಕಾಫಿ, ಬಾಡಿಗೆ ಎಲ್ಲವನ್ನೂ ಹಂಚಿಕೊಳ್ಳಬಹುದು. ನಡುಕವನ್ನು ಹಂಚಿಕೊಳ್ಳಲು ಯಾರೂ ಒಪ್ಪುವುದಿಲ್ಲ. ಹಾಗಾಗಿ ಹನ್ನೆರಡಕ್ಕೂ ಬೇರೆ ಬೇರೆ ಚೌಕಟ್ಟು ಎಂದು ತೀರ್ಮಾನಿಸಿದೆ. ಎದುರುಬದುರು ಮೇಜುಗಳ ನಡುವೆ 30 ಮಿಲಿಮೀಟರ್ ಸಂದು ಬಿಟ್ಟೆವು. ನಡುಕ ಆಚೆ ದಾಟುವುದಿಲ್ಲ, ಹಲಗೆ ಹಿಂದಕ್ಕೆ ಹಿಗ್ಗಲು ಜಾಗ ಸಿಗುತ್ತದೆ, ವೈರುಗಳೂ ಅದೇ ಸಂದಿನಿಂದ ಕೆಳಗಿಳಿಯುತ್ತವೆ. ಹಲಗೆಯಲ್ಲಿ ದುಂಡು ರಂಧ್ರ ಕೊರೆದು ಪ್ಲಾಸ್ಟಿಕ್ ಮುಚ್ಚಳ ಹಾಕುವ ಕೆಲಸ ತಪ್ಪಿತು. ಆ ಮುಚ್ಚಳಗಳು ಮೂರು ತಿಂಗಳಲ್ಲಿ ಕಳೆದುಹೋಗುತ್ತವೆ. ಎಲ್ಲಿಗೆ ಹೋಗುತ್ತವೋ ದೇವರಿಗೇ ಗೊತ್ತು.

ಇನ್ನು ಮೇಜು ತಾನೇ ಎಡಬಲಕ್ಕೆ ತೂಗುವ ತೊಂದರೆ. 40 × 40 ಚೌಕ ಪೈಪು, 2 ಮಿಲಿಮೀಟರ್ ದಪ್ಪದ್ದು, ಮೀಟರಿಗೆ 2.3 ಕಿಲೋ ತೂಗುತ್ತದೆ. ಕೈಯಲ್ಲಿ ಹಿಡಿದರೆ ಆನೆ ನಿಲ್ಲಿಸಬಹುದು ಅನ್ನಿಸುತ್ತದೆ. ಭಾರ ಹೊರುವುದರಲ್ಲಿ ಅದು ನಿಜವೂ ಹೌದು. ಆದರೆ ಕಾಲಿನ ತುದಿಯಲ್ಲಿ ಹಲಗೆಯ ಅಂಚನ್ನು ಪಕ್ಕಕ್ಕೆ ತಳ್ಳಿದರೆ ಪರೀಕ್ಷೆಯಾಗುವುದು ಪೈಪಿನದ್ದಲ್ಲ, ಮೂಲೆಯದ್ದು. ಕೊಕ್ಕೆ ತಕ್ಕಡಿ ಕಟ್ಟಿ 10 ಕಿಲೋ ಬಲದಲ್ಲಿ ಎಳೆದು ನೋಡಿದೆ: ಹಲಗೆ 9 ಮಿಲಿಮೀಟರ್ ಸರಿಯಿತು. ದಪ್ಪ ಪೈಪು ಹಾಕಲೇ ಎಂದು ಬೆಸುಗೆಯವರನ್ನು ಕೇಳಿದೆ. ಅವರು ನನಗಿಂತ ಹಿರಿಯರು, ಮಾತು ಕಡಿಮೆ. ಮೇಜಿನ ಹಿಂದೆ ಕುಕ್ಕರಗಾಲಲ್ಲಿ ಕೂತು ಎರಡು ಕಾಲುಗಳ ನಡುವಿನ ಖಾಲಿ ಜಾಗವನ್ನು ತೋರಿಸಿದರು.

"ಇಲ್ಲಿ ಒಂದು ಹಲಗೆ ಹಾಕಿ ನೋಡಿ. ಕಬ್ಬಿಣ ಆಮೇಲೆ."

18 ಮಿಲಿಮೀಟರ್ ಪ್ಲೈವುಡ್, 300 ಮಿಲಿಮೀಟರ್ ಎತ್ತರ, ಹಿಂದಿನ ಎರಡು ಕಾಲುಗಳಿಗೆ ನಾಲ್ಕು ನಾಲ್ಕು ಬೋಲ್ಟು. ಅದೇ 10 ಕಿಲೋ ಎಳೆತಕ್ಕೆ ಈಗ 2 ಮಿಲಿಮೀಟರ್. ಚೌಕ ಓರೆಯಾಗಬಲ್ಲದು, ನಡುವೆ ಹಾಳೆ ಕೂತರೆ ಓರೆಯಾಗಲಾರದು. ನಾನು ಕಪಾಟುಗಳ ಹಿಂದೆ ಹಾಕುತ್ತಿದ್ದ ತೆಳು ಪ್ಲೈ ಮಾಡುವುದೂ ಇದನ್ನೇ. ಮತ್ತೊಮ್ಮೆ, ಗೊತ್ತಿದ್ದದ್ದೇ ಮರೆತಿತ್ತು.

ಮುಂಭಾಗದ ಅಂಚಿನಡಿ ಅಡ್ಡಪಟ್ಟಿ ಹಾಕಲಿಲ್ಲ. ತೊಡೆಗೆ, ಕುರ್ಚಿಯ ಕೈಗೆ ತಾಗುತ್ತದೆ. ಒಂದು ಪಟ್ಟಿ ಹಿಂದೆ, ಇನ್ನೊಂದು ಮುಂದಿನ ಅಂಚಿನಿಂದ 200 ಮಿಲಿಮೀಟರ್ ಒಳಗೆ. ಅಂಚು ಜೋಲದಂತೆ ನೋಡಿಕೊಳ್ಳುವುದು ಹಲಗೆಯ ದಪ್ಪದ ಪಾಲಿಗೆ ಬಂತು. ಹಲಗೆಯ ಬಿಗುವು ದಪ್ಪದ ಘನದಂತೆ ಏರುತ್ತದೆ. 30ರ ಬದಲು 20 ಮಿಲಿಮೀಟರ್ ಹಾಕಿದ್ದರೆ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಬಿಗುವು ಉಳಿಯುತ್ತಿತ್ತು. ಇಲ್ಲಿ ಮರ ಉಳಿಸಲು ಹೋಗಬಾರದು.

ಬೆಸುಗೆಯ ಬಗ್ಗೆ ನಾನು ಕಲಿತದ್ದು ನೋಡಿ ಕಲಿತದ್ದು. ಬಿಸಿಯಾದ ಕಬ್ಬಿಣ ಆರುವಾಗ ಬೆಸುಗೆಯ ಕಡೆಗೆ ಎಳೆಯುತ್ತದೆ. ಒಳಮೂಲೆಯನ್ನು ಮೊದಲು ಪೂರ್ತಿ ಬೆಸೆದ ಒಂದು ಚೌಕಟ್ಟಿನಲ್ಲಿ ಕಾಲಿನ ಬುಡ 3 ಮಿಲಿಮೀಟರ್ ಒಳಕ್ಕೆ ಬಂದಿತ್ತು. ಆಮೇಲೆ ಬೆಸುಗೆಯವರು ಎಲ್ಲ ಮೂಲೆಗಳಿಗೂ ಚುಕ್ಕೆ ಬೆಸುಗೆ ಹಾಕಿ, ಕರ್ಣಗಳನ್ನು ಟೇಪಿನಲ್ಲಿ ಅಳೆದು, ಕಾಲುಗಳ ಬುಡದ ನಡುವೆ ಸರಿ ಅಳತೆಯ ಕಟ್ಟಿಗೆ ತುಂಡು ಬಿಗಿದು, ಒಂದು ಮೂಲೆ ಇಲ್ಲಿ, ಮುಂದಿನದು ಅದರ ಎದುರು ಎಂದು ಸುತ್ತಿ ಸುತ್ತಿ ಬೆಸೆದರು. ಪೂರ್ತಿ ಆರುವವರೆಗೆ ಕ್ಲಾಂಪ್ ಬಿಚ್ಚಲು ಬಿಡಲಿಲ್ಲ. ನನಗೆ ಅವಸರ, ಅವರಿಗೆ ಬೀಡಿಯಷ್ಟು ಹೊತ್ತು.

ಒಂದು ಸರಕಿನಲ್ಲಿ ಸತು ಲೇಪಿಸಿದ ಪೈಪು ಬಂತು. ತುಕ್ಕು ಹಿಡಿಯುವುದಿಲ್ಲ, ಒಳ್ಳೆಯದೇ ಆಯಿತು ಎಂದೆ. "ಇದನ್ನು ನಾನು ಬೆಸೆಯುವುದಿಲ್ಲ, ನೀವೂ ಬೆಸೆಸಬೇಡಿ" ಎಂದರು. ಬೆಸುಗೆಯ ಬಿಸಿಗೆ ಸತು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವರಿಗೆ ಕೆಲವು ಗಂಟೆಗಳ ನಂತರ ಚಳಿಜ್ವರ, ಮೈಕೈ ನೋವು ಬರುತ್ತದೆ. ಪೈಪನ್ನು ಹಿಂದಿರುಗಿಸಿದೆವು.

ನಾನಾಗಿ ಮಾಡಿಕೊಂಡ ಇನ್ನೊಂದು ಅನಾಹುತ ಹೇಳಲೇಬೇಕು. ಜಾಗದ ಕೊರತೆಯಿಂದ ಕಬ್ಬಿಣ ಉಜ್ಜುವ ಗ್ರೈಂಡರ್ ಮತ್ತು ನನ್ನ ಹಲಗೆಗಳು ಒಂದೇ ಕೊಠಡಿಯಲ್ಲಿದ್ದವು. ಕಿಡಿ ಮತ್ತು ಮರದ ಪುಡಿ ಒಂದೆಡೆ ಇದ್ದರೆ ಬೆಂಕಿಯ ಭಯ ಎಂದು ಮರದ ಪುಡಿಯನ್ನು ಗುಡಿಸಿಡುತ್ತಿದ್ದೆ. ಕಬ್ಬಿಣದ ಪುಡಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಯ ಉಪ್ಪುಕಾಗದ ಉಜ್ಜುವ ಮುನ್ನ ಎಳೆ ಏಳಲಿ ಎಂದು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಒಂದು ಗಂಟೆಯಲ್ಲಿ ಹಲಗೆಗೆ ಸಿಡುಬು ಎದ್ದಂತೆ ಕಪ್ಪು ಚುಕ್ಕೆಗಳು. ಓಕ್ ಮರದಲ್ಲಿ ಟ್ಯಾನಿನ್ ಎಂಬ ಒಗರು ಪದಾರ್ಥ ಹೇರಳ. ಅದು ನೀರಿನ ಜೊತೆ ಕಬ್ಬಿಣವನ್ನು ಕೂಡಿದರೆ ಕಪ್ಪಾಗುತ್ತದೆ. ಶತಮಾನಗಳ ಕಾಲ ಬರೆಯುವ ಶಾಯಿಯನ್ನು ಮಾಡಿದ್ದು ಇದೇ ಗುಟ್ಟಿನಿಂದ. ಉಜ್ಜಿದರೆ ಹೋಗಲಿಲ್ಲ, ಚುಕ್ಕೆ ಆಳಕ್ಕಿಳಿದಿತ್ತು. ಆಕ್ಸಾಲಿಕ್ ಆಮ್ಲವನ್ನು ನೀರಿನಲ್ಲಿ ಕರಗಿಸಿ ಹಚ್ಚಿದಾಗ ಮಾಯವಾಯಿತು. ಅದು ವಿಷ, ಕೈಗವಸು ಬೇಕು, ಆಮೇಲೆ ಹಲಗೆಯನ್ನು ಚೆನ್ನಾಗಿ ತೊಳೆಯಬೇಕು, ಒಣಗಿದ ಮೇಲೆ ಉಜ್ಜುವಾಗ ಮುಖಕ್ಕೆ ಮಾಸ್ಕ್ ಬೇಕು. ಆ ವಾರದಿಂದ ಗ್ರೈಂಡರ್ ಅಂಗಳಕ್ಕೆ ಹೋಯಿತು.

ಮೆರುಗಿಗೆ ಮೇಣ ಬೆರೆಸಿದ ಎಣ್ಣೆ ಹಚ್ಚಿದೆ. ಪಾಲಿಯುರೆಥೇನ್ ವಾರ್ನಿಷ್ ಹೆಚ್ಚು ಗಟ್ಟಿ, ನಿಜ. ಆದರೆ ಗೀರು ಬಿದ್ದರೆ ಇಡೀ ಹಲಗೆಯನ್ನು ಉಜ್ಜಬೇಕು; ಎಣ್ಣೆಯಾದರೆ ಕಲೆ ಬಿದ್ದಲ್ಲಿ ಮಾತ್ರ ಉಜ್ಜಿ ಮತ್ತೆ ಹಚ್ಚಬಹುದು. ಹಲಗೆಯ ಅಡಿಗೂ ಅಷ್ಟೇ ಸಲ ಹಚ್ಚಬೇಕು, ಇಲ್ಲದಿದ್ದರೆ ಎರಡು ಮುಖಗಳು ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ತಟ್ಟೆಯಂತೆ ಬಾಗುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡಿಸಿದೆವು. ಸುಮಾರು 180ರಿಂದ 200 ಡಿಗ್ರಿಯ ಒಲೆಯಲ್ಲಿ ಬೇಯುವ ಬಣ್ಣ ಅದು. ಎಲ್ಲ ತುದಿಯೂ ಮುಚ್ಚಿದ ಪೈಪಿನೊಳಗಿನ ಗಾಳಿ ಬಿಸಿಗೆ ಹಿಗ್ಗಿ, ಬೆಸುಗೆಯ ಸೂಜಿರಂಧ್ರಗಳಿಂದ ಹೊರಬಂದು ಬಣ್ಣದಲ್ಲಿ ಗುಳ್ಳೆ ಎಬ್ಬಿಸುತ್ತದೆ. ಕಾಣದ ಕಡೆ ಒಂದು ಸಣ್ಣ ರಂಧ್ರ ಕೊರೆದರೆ ಸಾಕು. ಚೌಕಟ್ಟಿನಲ್ಲಿ ಕೂರಿಸಿದ ನಟ್ಟುಗಳಿಗೆ ಸಿಲಿಕೋನ್ ಬಿರಡೆ ಹಾಕಿ ಕಳುಹಿಸಬೇಕು. ನಾವು ಒಂದು ಚೌಕಟ್ಟಿಗೆ ಮರೆತೆವು, ಅದರ ನಟ್ಟುಗಳ ತಿರುಪಿನ ಸುತ್ತುಗಳಲ್ಲಿ ತುಂಬಿದ ಬಣ್ಣವನ್ನು ಟ್ಯಾಪ್ ಎಂಬ ತಿರುಪು ಕೊರೆಯುವ ಉಪಕರಣದಿಂದ ಕೆರೆಯಲು ಅರ್ಧ ದಿನ ಹೋಯಿತು. ಮೇಜಿಗೆ ವಿದ್ಯುತ್ ಸಾಕೆಟ್ ಜೋಡಿಸುವುದಾದರೆ ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕಡ್ಡಾಯ. ಬಣ್ಣ ವಿದ್ಯುತ್ತನ್ನು ತಡೆಯುತ್ತದೆ, ಆದ್ದರಿಂದ ಅರ್ಥಿಂಗ್ ತಂತಿ ಕೂರುವಲ್ಲಿ ಬಣ್ಣ ಕೆರೆದು ಹಲ್ಲಿನ ವಾಷರ್ ಹಾಕಬೇಕು. ಈ ಕೆಲಸವನ್ನು ಎಲೆಕ್ಟ್ರಿಷಿಯನ್ನರಿಗೇ ಬಿಟ್ಟೆ.

ಹಿಂದಿನ ಕಾಲುಗಳನ್ನು ಹಲಗೆಯ ಅಂಚಿನಿಂದ 80 ಮಿಲಿಮೀಟರ್ ಒಳಗಿಟ್ಟದ್ದಕ್ಕೆ ಕಾರಣ ಮಾನಿಟರನ್ನು ಎತ್ತಿ ಹಿಡಿಯುವ ಕೈ. ಅದರ ಕ್ಲಾಂಪ್ ಹಿಂದಿನ ಅಂಚನ್ನು ಕಚ್ಚುತ್ತದೆ. ಮಾದರಿ ಮೇಜಿನಲ್ಲಿ ಅಂಚಿನಡಿಯೇ ಪೈಪು ಇದ್ದು ಕ್ಲಾಂಪಿಗೆ ಬಾಯಿ ಹಾಕಲು ಜಾಗವಿರಲಿಲ್ಲ.

ಒಂದು ಮೇಜಿನ ತೂಕ 40 ಕಿಲೋ ದಾಟುತ್ತದೆ: ಹಲಗೆ 20, ಕಬ್ಬಿಣ 18, ಹಿಂದಿನ ಪ್ಲೈ 4. ಮೆಟ್ಟಿಲಿನ ತಿರುವನ್ನು ಮೊದಲೇ ಅಳೆದಿದ್ದರಿಂದ ಎರಡು ಪಕ್ಕದ ಚೌಕಟ್ಟು, ಅಡ್ಡಪಟ್ಟಿ, ಹಲಗೆ ಎಂದು ಬಿಡಿಬಿಡಿಯಾಗಿ ಒಯ್ದು ಎಂ8 ಬೋಲ್ಟಿನಲ್ಲಿ ಮೇಲೆಯೇ ಜೋಡಿಸಿದೆವು. ಎತ್ತರ 735 ಮಿಲಿಮೀಟರ್ ಇಟ್ಟೆ. ಹನ್ನೆರಡು ಬಗೆಯ ಮೈಕಟ್ಟಿಗೆ ಹೊಂದುವ ಒಂದೇ ಎತ್ತರ ಇಲ್ಲ. ಕುಳ್ಳಗಿನವರಿಗೆ ಕಾಲಿಡುವ ಮಣೆ ಮಾಡಿಕೊಟ್ಟೆ, ಇಬ್ಬರು ಉದ್ದನೆಯವರ ಮೇಜಿನ ಬುಡದ ತಿರುಪುಪಾದಗಳನ್ನು ಪೂರ್ತಿ ಹೊರಕ್ಕೆ ತಿರುಗಿಸಿದೆ. ನೆಲ ಎಲ್ಲಿಯೂ ಸಮವಾಗಿರಲಿಲ್ಲ. ಹಲಗೆಯ ಮೇಲೆ ರಸಮಟ್ಟ ಇಟ್ಟು ನಲವತ್ತೆಂಟು ಪಾದಗಳನ್ನು ಒಂದೊಂದಾಗಿ ತಿರುಗಿಸುತ್ತ ನೆಲದ ಮೇಲೆ ತೆವಳಿದ ಆ ಮಧ್ಯಾಹ್ನವನ್ನು ನನ್ನ ಸೊಂಟ ಇನ್ನೂ ನೆನೆಯುತ್ತದೆ.

ಜೋಡಿಸುವ ದಿನ ಪ್ರತಿ ಹಲಗೆಯ ಅಡಿಯಲ್ಲಿ, ಹಿಂದಿನ ಪಟ್ಟಿಯ ಅಂಚಿಗೆ ಹೊಂದಿಸಿ ಒಂದು ಪೆನ್ಸಿಲ್ ಗೆರೆ ಎಳೆದಿದ್ದೆ. ವರ್ಷದ ನಂತರ ಟಾರ್ಚ್ ಹಿಡಿದು ಮೇಜುಗಳ ಕೆಳಗೆ ಮಲಗಿ ನೋಡಿದೆ. ಹನ್ನೊಂದರಲ್ಲಿ ಗೆರೆ ಪಟ್ಟಿಯಿಂದ 3ರಿಂದ 5 ಮಿಲಿಮೀಟರ್ ಮುಂದೆ ಬಂದಿತ್ತು, ಒಂದರಲ್ಲಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆ ಮೇಜಿನವರನ್ನು ಕೇಳಿದೆ. ಬೋಲ್ಟು ಸಡಿಲವಾಗಿದ್ದಂತೆ ಕಂಡಿತು, ಅದಕ್ಕೇ ತಾವೇ ಸ್ಪ್ಯಾನರ್ ತಂದು ಚೆನ್ನಾಗಿ ಬಿಗಿ ಮಾಡಿದೆವು ಎಂದರು. ಹಲಗೆಯ ತುದಿಯಲ್ಲಿ ಬೆರಳಾಡಿಸಿ ನೋಡಿದೆ, ಬಿರುಕು ಇನ್ನೂ ಬಂದಿರಲಿಲ್ಲ. ಹಿಂದಿನ ಎರಡು ಬೋಲ್ಟುಗಳನ್ನು ಅರ್ಧ ಸುತ್ತು ಬಿಚ್ಚಿದೆ. ಎರಡನೆಯದು ಬಿಚ್ಚಿಕೊಂಡಾಗ ಹಲಗೆ ಟಕ್ ಎಂದು ಸದ್ದು ಮಾಡಿ ಮುಂದಕ್ಕೆ ಸರಿಯಿತು.