ಕಾಫಿ ಕಣದ ಕಾವಲಿಗೆ ಟೆಂಟ್: ಚಳಿಯಲ್ಲಿ ಬೆಚ್ಚಗೆ ಮಲಗಿದ ನನ್ನ ಅನುಭವ

ಟೆಂಟ್‌ನಲ್ಲಿ ಚಳಿ ಅಂದಕೂಡಲೇ ಎಲ್ಲರೂ ಇನ್ನೊಂದು ಹೊದಿಕೆ ಹುಡುಕುತ್ತಾರೆ. ನಾನು ಮೊದಲು ಕೇಳುವುದು, ಕೆಳಗೆ ಏನು ಹಾಸಿದ್ದೀರಿ ಅಂತ. ಕೊಡಗಿನ ಚಳಿಯಲ್ಲಿ ನಿದ್ದೆ ಕೆಡಿಸುವುದು ನೆಲ ಮತ್ತು ತೇವ. ಇವೆರಡನ್ನೂ ನೋಡಿಕೊಂಡರೆ ಉಳಿದದ್ದು ಅಷ್ಟು ಕಷ್ಟವಿಲ್ಲ.

ಡಿಸೆಂಬರ್, ಜನವರಿ ನಮಗೆ ಕಾಫಿ ಕುಯ್ಲಿನ ಕಾಲ. ಕಣದ ತುಂಬ ಚೆರಿ, ಅಂದರೆ ಕಾಫಿ ಹಣ್ಣು, ಒಣಗಲು ಹರಡಿರುತ್ತದೆ. ರಾತ್ರಿ ಕಾವಲಿಗೆ ಒಬ್ಬರು ಬೇಕೇ ಬೇಕು. ಹಲವು ವರ್ಷಗಳಿಂದ ಆ ಕೆಲಸ ನನ್ನದು, ಮಲಗುವುದು ಟೆಂಟ್‌ನಲ್ಲಿ. ನಮ್ಮ ತೋಟ ಕಕ್ಕಬ್ಬೆ ಕಡೆ, ತಡಿಯಂಡಮೋಳ್ ಬೆಟ್ಟದ ಕೆಳಗೆ. ಇಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಬೆಳಗಿನ ಜಾವಕ್ಕೆ 10 ಡಿಗ್ರಿ ಆಸುಪಾಸಿಗೆ ಇಳಿಯುವ ರಾತ್ರಿಗಳಿವೆ. ಅದರ ಮೇಲೆ ಎಲೆ ಎಲೆಯಿಂದ ತೊಟ್ಟಿಕ್ಕುವ ಇಬ್ಬನಿ. ಒದ್ದೆ ಚಳಿ ಒಣ ಚಳಿಗಿಂತ ಜಾಸ್ತಿ ಕೊರೆಯುತ್ತದೆ.

ಮೊದಲು ಜಾಗ. ಕುಯ್ಲಾದ ಗದ್ದೆ ನೋಡಲು ಸಮತಟ್ಟಾಗಿ ಚೆನ್ನಾಗಿರುತ್ತದೆ. ಹೊರಗಿನಿಂದ ಬಂದವರಿಗೆ ಅಲ್ಲೇ ಟೆಂಟ್ ಹಾಕುವ ಆಸೆ. ಬೇಡ. ತಣ್ಣನೆಯ ಗಾಳಿ ಭಾರ. ಸಂಜೆಯಾದ ಮೇಲೆ ಅದು ಇಳಿಜಾರಿನಲ್ಲಿ ಜಾರಿ ಬಂದು ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಮೇಲಿನಿಂದ ನೋಡಿದರೆ ಮಂಜೆಲ್ಲ ಗದ್ದೆಯಲ್ಲೇ ತುಂಬಿರುತ್ತೆ ಅಲ್ವಾ? ಚಳಿ ಎಲ್ಲಿ ಮಡುಗಟ್ಟಿದೆ ಅಂತ ಅದೇ ತೋರಿಸುತ್ತದೆ. ಗದ್ದೆ ಬಿಟ್ಟು ಸ್ವಲ್ಪ ಮೇಲೆ, ಬಾಣೆಯ (ಗದ್ದೆಗೆ ಹೊಂದಿಕೊಂಡ ಎತ್ತರದ ಜಾಗ) ಅಂಚಿಗೆ ಬಂದರೂ ಸಾಕು, ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಹಾಗಂತ ಬೆಟ್ಟದ ತುದಿಯೂ ಬೇಡ, ಅಲ್ಲಿ ಗಾಳಿ ಬಿಡುವುದಿಲ್ಲ. ತಡಿಯಂಡಮೋಳ್ ತುದಿ 1748 ಮೀಟರ್. ಸಾವಿರ ಮೀಟರ್ ಏರಿದರೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಮೇಲಾಗಿ ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. ಪರಿಚಯದವರ ತೋಟ ಇದ್ದರೆ ಕೇಳಿಕೊಂಡು ಹಾಕಿ. ಆನೆ ಓಡಾಡುವ ದಾರಿ ಯಾವುದು ಅಂತಲೂ ಅವರೇ ಹೇಳುತ್ತಾರೆ.

ಮರದ ಕೆಳಗೆ ಇಬ್ಬನಿ ಕಡಿಮೆ. ಮೋಡ ಇಲ್ಲದ ರಾತ್ರಿ ನೆಲದ ಕಾವು ಸೀದಾ ಆಕಾಶಕ್ಕೆ ಹೋಗಿಬಿಡುತ್ತದೆ, ಮರದ ಕೊಡೆ ಇದ್ದರೆ ಸ್ವಲ್ಪ ಉಳಿಯುತ್ತದೆ. ಆದರೆ ತಲೆ ಎತ್ತಿ ಒಣಕೊಂಬೆ ಇದೆಯಾ ನೋಡಿ. ಸಿಲ್ವರ್ ಓಕ್ ಕೊಂಬೆ ಹೇಳದೆ ಕೇಳದೆ ಮುರಿದು ಬೀಳುತ್ತದೆ.

ಸಿಮೆಂಟ್ ಕಣದ ಮೇಲೆ ನಾನು ಮಲಗುವುದಿಲ್ಲ. ಸಂಜೆ ಅದು ಬಿಸಿಲಿನ ಕಾವಿನಿಂದ ಬೆಚ್ಚಗಿರುತ್ತದೆ, ಸುಖ ಅನ್ನಿಸುತ್ತದೆ. ಮೂರು ಗಂಟೆ ಹೊತ್ತಿಗೆ ಅದೇ ಸಿಮೆಂಟ್ ಮೈಯ ಬಿಸಿಯನ್ನೆಲ್ಲ ಹೀರಲು ಶುರು ಮಾಡುತ್ತದೆ. ಹಾಗಾಗಿ ನನ್ನ ಟೆಂಟ್ ಪಕ್ಕದ ಮಣ್ಣಿನ ಮೇಲೆ.

ಇನ್ನು ಹಾಸಿಗೆ. ಕೆಳಗೆ ಒಂದು ಟಾರ್ಪಾಲು. ಅದರ ಅಂಚು ಟೆಂಟ್‌ನಿಂದ ಹೊರಗೆ ಇಣುಕಬಾರದು, ಇಣುಕಿದರೆ ಇಬ್ಬನಿ ನೀರು ಅದರ ಮೇಲೆ ಹರಿದು ಕೆಳಗೆ ಸೇರುತ್ತದೆ. ಟಾರ್ಪಾಲಿನ ಮೇಲೆ ಒಂದು ಗೇಣು ದಪ್ಪ ಬತ್ತದ ಹುಲ್ಲು. ಹೊಸ ಹುಲ್ಲಾದರೆ ಒಂದು ದಿನ ಬಿಸಿಲಿಗೆ ಹಾಕಿ ಕೊಡವಿಕೊಳ್ಳುತ್ತೇನೆ, ಹುಳ ಹುಪ್ಪಟೆ, ಚೇಳು ಇರಬಾರದು. ಹುಲ್ಲಿನ ಮೇಲೆ ಟೆಂಟ್. ಒಳಗೆ ಹಳೆಯ ಗೋಣಿಚೀಲ ಎರಡು ಪದರ, ಆಮೇಲೆ ಫೋಮ್ ಮ್ಯಾಟ್, ಅದರ ಮೇಲೆ ಕಂಬಳಿ, ಕಡೆಗೆ ಸ್ಲೀಪಿಂಗ್ ಬ್ಯಾಗ್. ಕಂಬಳಿ ಯಾಕೆ ಮೇಲಲ್ಲ ಅಂತ ಕೇಳುತ್ತಾರೆ. ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ಅದರೊಳಗೆ ಉಬ್ಬಿ ನಿಂತ ಗಾಳಿಯಿಂದ. ಭಾರದ ಕಂಬಳಿ ಹೊದ್ದರೆ ಆ ಉಬ್ಬು ಅಪ್ಪಚ್ಚಿ. ನಮ್ಮ ಮೈಭಾರಕ್ಕೆ ಕೆಳಭಾಗ ಹೇಗೂ ಅಪ್ಪಚ್ಚಿಯಾಗಿರುತ್ತದೆ, ಅಲ್ಲಿಗೇ ಕಂಬಳಿ ಬೇಕಾದದ್ದು.

ಬೆಂಗಳೂರಿನಿಂದ ಬಂದ ತಮ್ಮನ ಮಗ ಒಳ್ಳೆಯ ಬೆಲೆಯ ಸ್ಲೀಪಿಂಗ್ ಬ್ಯಾಗ್ ತಂದಿದ್ದ. ಕೆಳಗೆ ಮಾತ್ರ ತೆಳ್ಳನೆಯ ಯೋಗ ಮ್ಯಾಟ್. ನಡುರಾತ್ರಿ ಎದ್ದು, “ದೊಡ್ಡಪ್ಪಾ, ಮೇಲೆಲ್ಲ ಬೆಚ್ಚಗಿದೆ, ಬೆನ್ನು ಮಾತ್ರ ಕೊರೀತಿದೆ” ಅಂದ. ನನ್ನ ಗೋಣಿ ಒಂದು, ಕಂಬಳಿ ಒಂದು ಅವನ ಕೆಳಗೆ ತಳ್ಳಿದೆ. ಬೆಳಿಗ್ಗೆ ಕೆಲಸದವರು ಬಂದರೂ ಅವನಿಗೆ ಎಚ್ಚರವಿಲ್ಲ. ಬ್ಯಾಗ್ ಕೊಳ್ಳುವಾಗ ಚೀಟಿಯನ್ನೂ ಸರಿಯಾಗಿ ಓದಿ. ಕಂಫರ್ಟ್ ಅಂತ ಬರೆದ ಡಿಗ್ರಿ ನೆಮ್ಮದಿಯಾಗಿ ನಿದ್ದೆ ಮಾಡುವ ಲೆಕ್ಕ. ಎಕ್ಸ್‌ಟ್ರೀಮ್ ಅಂತ ಇರುವುದು ಜೀವ ಉಳಿಯುವ ಲೆಕ್ಕ, ನಿದ್ದೆಗಲ್ಲ. ಕೊಡಗಿಗೆ ಕಂಫರ್ಟ್ 5 ಡಿಗ್ರಿ ಇದ್ದರೆ ಧಾರಾಳ.

ತೇವದ ವಿಷಯ ಕಾಫಿಯೇ ಕಲಿಸುತ್ತದೆ. ಸಂಜೆ ಚೆರಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚುತ್ತೇವೆ. ಬೆಳಿಗ್ಗೆ ಎತ್ತಿದರೆ ಹೊರಗೂ ನೀರು, ಒಳಮೈಯಲ್ಲೂ ಹನಿ. ಒಳಗಿನ ಹನಿ ಕಾಫಿಯಿಂದಲೇ ಎದ್ದ ತೇವ. ಟೆಂಟ್‌ನಲ್ಲೂ ಹಾಗೆಯೇ. ರಾತ್ರಿಯಿಡೀ ಉಸಿರಿನಿಂದ ಹೊರಟ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗುತ್ತದೆ. ಚಳಿ ಅಂತ ಜಿಪ್ ಎಲ್ಲ ಬಿಗಿದುಕೊಂಡವರು ಬೆಳಿಗ್ಗೆ ಟೆಂಟ್ ಸೋರುತ್ತೆ ಅಂತ ದೂರುತ್ತಾರೆ. ಮೇಲಿನ ಗಾಳಿಕಿಂಡಿ ತೆರೆದಿಡಿ. ಬಾಗಿಲಿನ ಜಿಪ್ಪನ್ನೂ ಮೇಲ್ಗಡೆ ನಾಲ್ಕು ಬೆರಳು ಬಿಡಿ. ಒಳಗೆ ಒಂಚೂರು ತಣ್ಣಗಾಗಬಹುದು, ಆದರೆ ಒಣಗಿರುತ್ತದೆ. ಬ್ಯಾಗ್ ಟೆಂಟ್ ಗೋಡೆಗೆ ತಾಗಬಾರದು. ಮೂಗು, ಬಾಯಿ ಬ್ಯಾಗ್ ಹೊರಗೇ ಇರಲಿ. ಮುಖಕ್ಕೆ ಚಳಿಯಾದರೆ ಮಫ್ಲರ್ ಸುತ್ತಿಕೊಳ್ಳಿ.

ದಿನವಿಡೀ ಹಾಕಿದ ಬಟ್ಟೆಯಲ್ಲಿ ಬೆವರು ಇದ್ದೇ ಇರುತ್ತದೆ, ಕೈಗೆ ಗೊತ್ತಾಗದಿದ್ದರೂ. ಮಲಗುವ ಮುಂಚೆ ಎಲ್ಲ ಬದಲಿಸಿ, ಸಾಕ್ಸ್ ಕೂಡ. ರಾತ್ರಿಗೆಂದೇ ಒಂದು ಜೊತೆ ಉಣ್ಣೆಯ ಸಾಕ್ಸ್ ಇಟ್ಟಿದ್ದೇನೆ, ಸ್ವಲ್ಪ ಸಡಿಲವಾಗಿಯೇ. ಬಿಗಿಯಾದರೆ ರಕ್ತ ಓಡಾಡದೆ ಪಾದ ಇನ್ನೂ ತಣ್ಣಗಾಗುತ್ತದೆ. ತಲೆಗೆ ಟೋಪಿ.

ನನ್ನ ಪಾಲಿನ ದೊಡ್ಡ ಸುಖ ಬಿಸಿನೀರಿನ ಬಾಟಲಿ. ಬಚ್ಚಲ ಹಂಡೆಯಲ್ಲಿ ಸಂಜೆಯಿಂದ ನೀರು ಕುದಿಯುತ್ತಿರುತ್ತದೆ. ಒಂದು ಲೀಟರಿನ ಸ್ಟೀಲ್ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು, ತಲೆಕೆಳಗೆ ಹಿಡಿದು ನೋಡುತ್ತೇನೆ. ಹನಿ ಬೀಳದಿದ್ದರೆ ದಪ್ಪ ಸಾಕ್ಸ್ ಒಳಗೆ ಇಳಿಸಿ ಬ್ಯಾಗಿನ ಕಾಲ್ಗಡೆ ಇಡುತ್ತೇನೆ. ಊಟ ಮುಗಿಸಿ ಬರುವಷ್ಟರಲ್ಲಿ ಬ್ಯಾಗ್ ಬೆಚ್ಚಗಾಗಿರುತ್ತದೆ. ಫ್ಲಾಸ್ಕ್ ಬೇಡ, ಅದು ಬಿಸಿಯನ್ನು ಹೊರಗೆ ಬಿಡುವುದಿಲ್ಲ. ಸಾಕ್ಸ್ ಇಲ್ಲದೆ ಬರಿಯ ಬಾಟಲಿಯೂ ಬೇಡ, ಚರ್ಮ ಸುಡುತ್ತದೆ.

ಕೆಂಡದ ಮಾತು ಬಂದರೆ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಬಾಣಲೆಯಲ್ಲಿ ಕೆಂಡ ಹಾಕಿ ಟೆಂಟ್ ಒಳಗೆ ಇಡಬೇಡಿ. ಐದು ನಿಮಿಷಕ್ಕೂ ಬೇಡ. ಹೊಗೆ ಬರುತ್ತಿಲ್ಲ ಅಂದ ಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಮತ್ತೆ ಏಳುವುದೇ ಇಲ್ಲ. ಗ್ಯಾಸ್ ಸ್ಟೌವೂ ಒಳಗೆ ಬೇಡ. ಒಮ್ಮೆ ನೆಂಟರೊಬ್ಬರು, “ಮಗೂಗೆ ಚಳಿ ಕಣ್ರೀ, ಸ್ವಲ್ಪ ಹೊತ್ತು ಇಡೋಣ” ಅಂತ ಕೆಂಡ ತಂದರು. ಬಾಣಲೆ ಹೊರಗಿಟ್ಟು ಮಗುವನ್ನು ಮನೆಯೊಳಗೆ ಮಲಗಿಸಿದೆ. ಅವರಿಗೆ ಬೇಜಾರಾಯಿತು, ಆಗಲಿ. ಬೆಂಕಿ ಕಾಯಿಸುವುದಿದ್ದರೆ ಹೊರಗೆ, ಹುಲ್ಲು, ತರಗೆಲೆಯಿಂದ ದೂರ, ಮಲಗುವ ಮುಂಚೆ ನೀರು ಸುರಿದು ಆರಿಸಿ.

ಊಟ ಹೊಟ್ಟೆ ತುಂಬ ಆಗಬೇಕು. ಹಸಿದ ಮೈ ಬೇಗ ತಣ್ಣಗಾಗುತ್ತದೆ. ಅಕ್ಕಿ ರೊಟ್ಟಿ, ಪಂದಿ ಸಾರು ತಿಂದ ರಾತ್ರಿ ಬೇರೆಯೇ. ಸಸ್ಯಾಹಾರಿಗಳಿಗೆ ತುಪ್ಪ, ಕಡಲೆಬೀಜ ಇದೆ. ಚಳಿಗೆ ಒಂದು ಪೆಗ್ ಅನ್ನುವುದು ನಮ್ಮಲ್ಲಿ ರೂಢಿ. ಕುಡಿದಾಗ ರಕ್ತ ಚರ್ಮದ ಕಡೆ ನುಗ್ಗಿ ಬಿಸಿ ಅನ್ನಿಸುತ್ತದೆ, ಆ ಬಿಸಿಯೇ ಬೇಗ ಹೊರಗೆ ಹೋಗಿ ಬೆಳಗಿನ ಜಾವ ನಡುಕ ಹತ್ತುತ್ತದೆ. ಟೆಂಟ್‌ನಲ್ಲಿ ಮಲಗುವ ರಾತ್ರಿ ನಾನು ಮುಟ್ಟುವುದಿಲ್ಲ.

ಬೆಳಿಗ್ಗೆ ಚೆರಿ ಹರಡಿದ ಮೇಲೆ ಬ್ಯಾಗನ್ನು ಒಳಮೈ ಹೊರಗೆ ಮಾಡಿ ಕಣದ ಕಟ್ಟೆಯ ಮೇಲೆ ಹಾಕಿ. ಕಾಲ್ಗಡೆ ಮುಟ್ಟಿ ನೋಡಿ, ಅಲ್ಲಿ ತಂಪು ಉಳಿದಿರುತ್ತದೆ. ಅದು ಪೂರ್ತಿ ಒಣಗಿದ ಮೇಲೆಯೇ ಮಡಚಬೇಕು. ಸೀಸನ್ ಮುಗಿದಾಗ ಚಿಕ್ಕ ಚೀಲಕ್ಕೆ ತುರುಕಿ ಇಡಬೇಡಿ, ಉಬ್ಬು ಸಾಯುತ್ತದೆ. ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಹಾಕಿ ಅಟ್ಟದಲ್ಲಿಡಿ. ಮಳೆಗಾಲದಲ್ಲಿ ಬಿಸಿಲು ಕಂಡ ದಿನವೆಲ್ಲ ಹೊರಗೆ ತೆಗೆಯಿರಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.