ಫೋಟೋ ನೋಡಿ ಹಳೆಯ ಜಪಾನಿ ಸ್ಪೋರ್ಟ್ಸ್ ಕೂಪೆಗಳನ್ನು ಗುರುತಿಸುವುದು ಹೇಗೆ?

ಹಳೆಯ ಜಪಾನಿ ಸ್ಪೋರ್ಟ್ಸ್ ಕೂಪೆಯೊಂದರ, ಅಂದರೆ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದರ ಫೋಟೋ ಎದುರಿಗೆ ಬಂದಾಗ ಹೆಚ್ಚಿನವರ ಕಣ್ಣು ಮೊದಲು ಹುಡುಕುವುದು ಅದರ ಮೇಲಿನ ಲಾಂಛನವನ್ನು. ತಪ್ಪು ಆರಂಭವಾಗುವುದೂ ಅಲ್ಲಿಯೇ. ಲಾಂಛನವನ್ನು ಬದಲಿಸಲು ಕೆಲವು ನಿಮಿಷ ಸಾಕು, ಚಕ್ರಗಳನ್ನು ಬದಲಿಸಲು ಒಂದು ಗಂಟೆ ಸಾಕು, ಬಣ್ಣವಂತೂ ಐವತ್ತು ವರ್ಷಗಳಲ್ಲಿ ಹಲವು ಸಲ ಬದಲಾಗಿರಬಹುದು. ಆದರೆ ಚಾವಣಿಯ ಇಳಿಜಾರು, ಪಕ್ಕದ ಗಾಜಿನ ಆಕಾರ, ಬಾಗಿಲಿನ ಹಿಂದಂಚಿಗೂ ಹಿಂದಿನ ಚಕ್ರಕ್ಕೂ ನಡುವೆ ಇರುವ ಅಂತರ, ಇವು ತಗಡನ್ನು ಕತ್ತರಿಸಿ ಬೆಸುಗೆ ಹಾಕದೆ ಬದಲಾಗುವುದಿಲ್ಲ. ಆದ್ದರಿಂದ ಬದಲಿಸಲು ಕಷ್ಟವಾದುದನ್ನು ಮೊದಲು ನೋಡಬೇಕು, ಸುಲಭವಾಗಿ ಬದಲಾಗುವುದನ್ನು ಕೊನೆಗೆ ನೋಡಬೇಕು. ಮುಂದಿನ ಹೆಜ್ಜೆಗಳೆಲ್ಲ ಈ ಒಂದು ಕ್ರಮವನ್ನೇ ಅನುಸರಿಸುತ್ತವೆ.

ಮೊದಲ ಹೆಜ್ಜೆ: ಕಾರಿಗಿಂತ ಮುಂಚೆ ಫೋಟೋವನ್ನು ನೋಡಿ

ಚಿತ್ರವು ಎಡಬಲ ತಿರುಗಿದೆಯೇ ಎಂಬುದನ್ನು ಮೊದಲು ಪರೀಕ್ಷಿಸಬೇಕು. ನಂಬರ್ ಪ್ಲೇಟ್‌ನ ಅಂಕಿಗಳು, ಹಿನ್ನೆಲೆಯಲ್ಲಿರುವ ಅಂಗಡಿಯ ಫಲಕದ ಅಕ್ಷರಗಳು ಇದನ್ನು ತಕ್ಷಣ ತಿಳಿಸುತ್ತವೆ. ಅಕ್ಷರಗಳೇ ಇಲ್ಲದ ಚಿತ್ರವಾದರೆ ಸ್ಟಿಯರಿಂಗ್ ಯಾವ ಕಡೆ ಇದೆ ಎಂಬ ಒಂದನ್ನೇ ನೆಚ್ಚಿ ಯಾವ ತೀರ್ಮಾನಕ್ಕೂ ಬರಬಾರದು. ಇನ್ನೊಂದು ಎಚ್ಚರಿಕೆ ಲೆನ್ಸಿಗೆ ಸಂಬಂಧಿಸಿದ್ದು. ಹತ್ತಿರದಿಂದ ವೈಡ್ ಲೆನ್ಸಿನಲ್ಲಿ ತೆಗೆದ ಚಿತ್ರದಲ್ಲಿ ಕಾರಿನ ಮೂಗು ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ, ದೂರದಿಂದ ಟೆಲಿ ಲೆನ್ಸಿನಲ್ಲಿ ತೆಗೆದಾಗ ಅದೇ ಮೂಗು ಒತ್ತಿದಂತೆ ಗಿಡ್ಡವಾಗುತ್ತದೆ. ಮೊಬೈಲ್ ಫೋನಿನ ಚಿತ್ರಗಳಲ್ಲಿ ಮೊದಲನೆಯ ದೋಷವೇ ಹೆಚ್ಚು. ಹಾಗಾಗಿ ಅಳತೆಯ ಮಾತು ಬಂದಾಗ ನೇರ ಪಕ್ಕದಿಂದ ತೆಗೆದ ಚಿತ್ರವನ್ನು ಮಾತ್ರ ನಂಬಬೇಕು.

ಎರಡನೆಯ ಹೆಜ್ಜೆ: ಪಕ್ಕದ ನೋಟ

ಉದ್ದ ಬಾನೆಟ್, ಹಿಂದಕ್ಕೆ ಸರಿದ ಆಸನ, ಬಾಲದವರೆಗೆ ಇಳಿಯುವ ಚಾವಣಿ: ಈ ವಿವರಣೆಗೆ ಟೊಯೋಟಾ 2000ಜಿಟಿ ಎಷ್ಟು ಹೊಂದುತ್ತದೆಯೋ ನಿಸ್ಸಾನ್ ಫೇರ್‌ಲೇಡಿ ಜೆಡ್ ಕೂಡ ಅಷ್ಟೇ ಹೊಂದುತ್ತದೆ. ಹೊಸದಾಗಿ ಅಭ್ಯಾಸ ಆರಂಭಿಸಿದವರು ಇವೆರಡನ್ನು ಅದಲುಬದಲು ಮಾಡುವುದು ಸಾಮಾನ್ಯ. 1965ರ ಟೋಕಿಯೊ ಮೋಟಾರ್ ಶೋನಲ್ಲಿ ಮೊದಲು ಕಾಣಿಸಿಕೊಂಡು, ಯಮಾಹಾ ಕಂಪನಿಯ ಸಹಯೋಗದಲ್ಲಿ 1967ರಿಂದ 1970ರವರೆಗೆ ತಯಾರಾದ 2000ಜಿಟಿಯ ಎತ್ತರ ಕೇವಲ 1,160 ಮಿ.ಮೀ. ಸಾಮಾನ್ಯ ಎತ್ತರದ ವ್ಯಕ್ತಿ ಪಕ್ಕದಲ್ಲಿ ನಿಂತಿದ್ದರೆ ಚಾವಣಿ ಅವನ ಎದೆಮಟ್ಟಕ್ಕೂ ಬರುವುದಿಲ್ಲ. ಮುಂಭಾಗದಲ್ಲಿ ಪಾರದರ್ಶಕ ಹೊದಿಕೆಯ ಹಿಂದೆ ಎರಡು ದೊಡ್ಡ ದೀಪಗಳಿರುತ್ತವೆ, ಅಸಲಿ ಹೆಡ್‌ಲೈಟ್‌ಗಳು ಅವುಗಳ ಮೇಲೆ ಬಾನೆಟ್ಟಿನೊಳಗೆ ಅಡಗಿದ್ದು ಬೇಕಾದಾಗ ಮೇಲೇಳುತ್ತವೆ. ಮುಂದಿನ ಚಕ್ರದ ಹಿಂದೆ, ಎರಡೂ ಪಕ್ಕಗಳಲ್ಲಿ, ತೆರೆಯಬಲ್ಲ ಮುಚ್ಚಳದ ಗೆರೆ ಕಾಣುತ್ತದೆ. ಒಂದರೊಳಗೆ ಬ್ಯಾಟರಿ, ಇನ್ನೊಂದರೊಳಗೆ ಏರ್ ಫಿಲ್ಟರ್ ಇರುತ್ತದೆ. ಬಾನೆಟ್ಟನ್ನು ತಗ್ಗಾಗಿ ಉಳಿಸಿಕೊಳ್ಳಲು ಇವನ್ನು ಎಂಜಿನ್ ಕೋಣೆಯಿಂದ ಹೊರಗೆ ಸಾಗಿಸಬೇಕಾಯಿತು. ಮಸುಕಾದ ಚಿತ್ರದಲ್ಲೂ ಈ ಮುಚ್ಚಳದ ಗೆರೆ ಸಿಕ್ಕಿದರೆ ಬೇರೆ ಸಾಕ್ಷ್ಯ ಹುಡುಕುವ ಅಗತ್ಯ ಹೆಚ್ಚು ಉಳಿಯುವುದಿಲ್ಲ.

ಫೇರ್‌ಲೇಡಿ ಜೆಡ್‌ನಲ್ಲಿ ಹೆಡ್‌ಲೈಟ್ ಮೇಲೇಳುವುದಿಲ್ಲ. ಮಡ್‌ಗಾರ್ಡಿನ ತುದಿಯನ್ನು ಸೌಟಿನಿಂದ ತೋಡಿದಂತೆ ಒಳಕ್ಕೆ ಕೊರೆದು ದುಂಡು ದೀಪವನ್ನು ಅಲ್ಲಿ ಕೂರಿಸಲಾಗಿದೆ. ಈ ತೋಡು ಯಾವ ಕೋನದಿಂದ ನೋಡಿದರೂ ನೆರಳನ್ನು ಹಿಡಿಯುವುದರಿಂದ ಕಪ್ಪುಬಿಳುಪು ಚಿತ್ರದಲ್ಲೂ ಎದ್ದು ಕಾಣುತ್ತದೆ.

ಅಂತರ ಅಳೆಯುವ ಅಭ್ಯಾಸಕ್ಕೆ ಮಾಜ್ದಾ ಕಾಸ್ಮೊ ಸ್ಪೋರ್ಟ್‌ಗಿಂತ ಒಳ್ಳೆಯ ಕಾರು ಇಲ್ಲ. ಎರಡು ರೋಟರ್‌ಗಳ ರೋಟರಿ ಎಂಜಿನ್ (ಪಿಸ್ಟನ್‌ಗಳ ಬದಲು ತಿರುಗುವ ರೋಟರ್‌ಗಳಿರುವ ಎಂಜಿನ್) ಇಟ್ಟುಕೊಂಡು 1967ರಲ್ಲಿ ಮಾರುಕಟ್ಟೆಗೆ ಬಂದ ಈ ಕೂಪೆಯ ಮೊದಲ ಸರಣಿಯಲ್ಲಿ ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2,200 ಮಿ.ಮೀ. ಇತ್ತು, 1968ರ ಮಧ್ಯದಲ್ಲಿ ಬಂದ ಎರಡನೆಯ ಸರಣಿಯಲ್ಲಿ ಅದು 2,350 ಮಿ.ಮೀ. ಆಯಿತು. ಹೆಚ್ಚಾದ ಈ 150 ಮಿ.ಮೀ. ಜಾಗ ಬಾಗಿಲಿನ ಹಿಂದಂಚಿಗೂ ಹಿಂದಿನ ಚಕ್ರದ ಕಮಾನಿಗೂ ನಡುವೆ ಕಾಣುತ್ತದೆ. ಚಕ್ರದ ಕಮಾನು ಬಾಗಿಲಿಗೆ ಅಂಟಿದಂತಿದ್ದರೆ ಅದು ಮೊದಲ ಸರಣಿ, ನಡುವೆ ಉಸಿರಾಡಲು ಜಾಗವಿದ್ದರೆ ಎರಡನೆಯದು. ಮುಂಬದಿಯ ಚಿತ್ರ ಮಾತ್ರ ಇದ್ದರೆ ಬಂಪರ್ ಕೆಳಗಿನ ಬಾಯಿಯನ್ನು ನೋಡಬೇಕು. ಎರಡನೆಯ ಸರಣಿಯಲ್ಲಿ ಅದು ಸ್ಪಷ್ಟವಾಗಿ ಅಗಲವಾಗಿದೆ. ಹಿಂಬದಿಯಲ್ಲಿ ಬಂಪರಿನ ಮೇಲೊಂದು, ಕೆಳಗೊಂದು ಎಂದು ಸೀಳಿದ ಟೇಲ್‌ಲೈಟ್‌ಗಳು ಎರಡೂ ಸರಣಿಗಳಿಗೆ ಸೇರಿದವು.

ಮೂರನೆಯ ಹೆಜ್ಜೆ: ಹಿಂಬದಿ

ನನ್ನ ಅನುಭವದಲ್ಲಿ ಮುಂಬದಿಯ ಹತ್ತು ಚಿತ್ರಗಳಿಗಿಂತ ಹಿಂದಿನ ಮೂಲೆಯಿಂದ ತೆಗೆದ ಒಂದು ಚಿತ್ರ ಹೆಚ್ಚು ಹೇಳುತ್ತದೆ. ಆ ಕಾಲದ ವಿನ್ಯಾಸಕಾರರು ಮುಂಭಾಗಕ್ಕೆ ದುಂಡು ದೀಪಗಳನ್ನೇ ಹೆಚ್ಚಾಗಿ ಬಳಸಬೇಕಾಗಿದ್ದರಿಂದ ಮುಖಗಳು ಒಂದನ್ನೊಂದು ಹೋಲುತ್ತವೆ, ಬೆನ್ನುಗಳು ಹೋಲುವುದಿಲ್ಲ. 1970ರ ಕೊನೆಯಲ್ಲಿ ಬಂದ ಮಿತ್ಸುಬಿಷಿ ಗ್ಯಾಲಂಟ್ ಜಿಟಿಓ ಕಾರಿನ ಡಿಕ್ಕಿಯ ತುದಿ ಬಾತುಕೋಳಿಯ ಬಾಲದಂತೆ ಮೇಲಕ್ಕೆ ಮಡಚಿಕೊಂಡಿರುತ್ತದೆ. ಅದೇ ಹೊತ್ತಿಗೆ ಬಂದ ಟೊಯೋಟಾ ಸೆಲಿಕಾದ ಕೂಪೆಯಲ್ಲಿ ಡಿಕ್ಕಿ ಪ್ರತ್ಯೇಕವಾಗಿದೆ. 1973ರಲ್ಲಿ ಸೇರಿದ ಲಿಫ್ಟ್‌ಬ್ಯಾಕ್ (ಗಾಜಿನ ಸಮೇತ ಮೇಲೇಳುವ ಹಿಂಬಾಗಿಲಿನ) ಮಾದರಿಯಲ್ಲಿ ಚಾವಣಿ ಬಾಲದವರೆಗೆ ಇಳಿದು, ಟೇಲ್‌ಲೈಟ್‌ಗಳು ಲಂಬವಾದ ಪಟ್ಟಿಗಳಾಗಿ ನಿಂತಿರುತ್ತವೆ. ಈ ಲಿಫ್ಟ್‌ಬ್ಯಾಕನ್ನು ಅಮೆರಿಕದ ಮಸ್ಟಾಂಗ್ ಎಂದು ತಪ್ಪು ತಿಳಿಯುವವರು ಬಹಳ. 1978ರ ಮಾಜ್ದಾ ಆರ್‌ಎಕ್ಸ್-7 ಕಾರನ್ನು ಪೋರ್ಷೆ 924 ಎಂದು ಭ್ರಮಿಸುವುದೂ ಹಾಗೆಯೇ. ಅಲ್ಲಿ ಹಿಂದಿನ ಗಾಜನ್ನು ನೋಡಿದರೆ ಗೊಂದಲ ಮುಗಿಯುತ್ತದೆ: ಪೋರ್ಷೆಯದು ಒಂದೇ ಅಖಂಡ ಗುಮ್ಮಟ, ಮಾಜ್ದಾದಲ್ಲಿ ನಡುವೆ ಒಂದು, ಎರಡು ಬದಿಗೆ ಒಂದೊಂದು ಹೀಗೆ ಮೂರು ತುಂಡುಗಳಿವೆ.

ಇಟಲಿಯ ಜ್ಯೂಜಾರೊ ಅವರು ಘಿಯಾ ಸಂಸ್ಥೆಯಲ್ಲಿದ್ದಾಗ ವಿನ್ಯಾಸಗೊಳಿಸಿದ ಇಸುಜು 117 ಕೂಪೆ 1968ರಲ್ಲಿ ಮಾರಾಟಕ್ಕೆ ಬಂದಿತು. ಚಾವಣಿಯನ್ನು ಹೊರುವ ತೆಳುವಾದ ಕಂಬಗಳು ಮತ್ತು ವಿಶಾಲವಾದ ಗಾಜಿನಿಂದ ಅದನ್ನು ದೂರದಿಂದಲೇ ಗುರುತಿಸಬಹುದು. ಹೆಡ್‌ಲೈಟ್ ಚೌಕವಾಗಿದ್ದರೆ 1977ರ ಕೊನೆಯ ನಂತರದ್ದು ಎಂದು ತಿಳಿಯಬೇಕು.

ನಾಲ್ಕನೆಯ ಹೆಜ್ಜೆ: ಕಾರು ಯಾವ ದೇಶಕ್ಕಾಗಿ ತಯಾರಾಯಿತು?

ನಮ್ಮಲ್ಲೂ ಜಪಾನಿನಲ್ಲೂ ವಾಹನಗಳು ಎಡಬದಿಯಲ್ಲೇ ಚಲಿಸುವುದರಿಂದ ಬಲಗಡೆಯ ಸ್ಟಿಯರಿಂಗ್ ನಮಗೆ ಸಹಜವಾಗಿ ಕಾಣುತ್ತದೆ, ಅದನ್ನು ಕಂಡೊಡನೆ ಜಪಾನಿನ ಕಾರು ಎಂದುಬಿಡುತ್ತೇವೆ. ಬ್ರಿಟನ್ ಮತ್ತು ಆಸ್ಟ್ರೇಲಿಯಾಕ್ಕೆ ಹೋದ ಕಾರುಗಳಿಗೂ ಬಲಗಡೆಯೇ ಸ್ಟಿಯರಿಂಗ್ ಇತ್ತು ಎಂಬುದನ್ನು ಮರೆಯಬಾರದು. ಇದಕ್ಕಿಂತ ಗಟ್ಟಿಯಾದ ಸುಳಿವು ಕನ್ನಡಿಗಳದು. ಜಪಾನಿನಲ್ಲಿ 1983ರವರೆಗೆ ಬಾಗಿಲಿನ ಮೇಲೆ ಕನ್ನಡಿ ಇಡಲು ಅನುಮತಿ ಇರಲಿಲ್ಲ. ಆದ್ದರಿಂದ ಅಲ್ಲಿನ ಕಾರುಗಳ ಕನ್ನಡಿಗಳು ಮುಂದಿನ ಮಡ್‌ಗಾರ್ಡಿನ ಮೇಲೆ, ಹೆಚ್ಚು ಕಡಿಮೆ ಚಕ್ರದ ನೇರಕ್ಕೆ ಇರುತ್ತವೆ. ಅಮೆರಿಕಕ್ಕೆ ಹೋದ ಕಾರುಗಳಲ್ಲಿ 1968ರಿಂದ ಮುಂದೆ ಮಡ್‌ಗಾರ್ಡ್‌ಗಳ ಪಕ್ಕದಲ್ಲಿ ಸಣ್ಣ ದೀಪ ಅಥವಾ ರಿಫ್ಲೆಕ್ಟರ್ ಕಡ್ಡಾಯವಾಯಿತು, ಮುಂದೆ ಹಳದಿ ಮತ್ತು ಹಿಂದೆ ಕೆಂಪು. 1973ರ ಮಾದರಿಯಿಂದ ಮುಂದಿನ ಮತ್ತು ಹಿಂದಿನ ಬಂಪರ್‌ಗಳು ಕಡಿಮೆ ವೇಗದ ಡಿಕ್ಕಿಯನ್ನು ತಾಳುವ ನಿಯಮಕ್ಕೆ ಒಳಪಟ್ಟವು, ಮರುವರ್ಷ ಹಿಂದಿನದಕ್ಕೆ ನಿಯಮ ಇನ್ನಷ್ಟು ಬಿಗಿಯಾಯಿತು. ಹೀಗಾಗಿ ಬಂಪರ್‌ಗಳು ದಪ್ಪವಾಗಿ ದೇಹದಿಂದ ಹೊರಚಾಚಿದವು.

ಜಪಾನಿನ ನಂಬರ್ ಪ್ಲೇಟ್ ಕೂಡ ಓದಲು ಯೋಗ್ಯವಾದುದು. ಮೇಲಿನ ಸಾಲಿನಲ್ಲಿ ಊರಿನ ಹೆಸರಿನ ಪಕ್ಕದಲ್ಲಿರುವ ವರ್ಗಸಂಖ್ಯೆ 5ರಿಂದ ಆರಂಭವಾದರೆ ಎಂಜಿನ್ 2,000 ಸಿ.ಸಿ. ಮಿತಿಯೊಳಗಿದೆ ಮತ್ತು ಕಾರು ನಿಗದಿತ ಅಳತೆಯನ್ನು ಮೀರಿಲ್ಲ ಎಂದರ್ಥ. 3 ಎಂದಿದ್ದರೆ ಯಾವುದೋ ಒಂದು ಮಿತಿ ದಾಟಿದೆ. 2,393 ಸಿ.ಸಿ. ಎಂಜಿನ್ನಿನ 240ಜೆಡ್ (ಫೇರ್‌ಲೇಡಿ ಜೆಡ್‌ನ ದೊಡ್ಡ ಎಂಜಿನ್ನಿನ ಮಾದರಿ) ಎಂದು ಹೇಳಲಾದ ಕಾರಿನ ಮೇಲೆ 5ರ ಸಂಖ್ಯೆ ಕಂಡರೆ ಅದು 2 ಲೀಟರಿನ ಸಾಮಾನ್ಯ ಫೇರ್‌ಲೇಡಿ ಆಗಿರುವ ಸಂಭವವೇ ಹೆಚ್ಚು. ಇದಕ್ಕೆ ವಿರುದ್ಧವಾದ ತರ್ಕ ಅಷ್ಟು ಗಟ್ಟಿಯಲ್ಲ, ಏಕೆಂದರೆ ನಂತರ ದೊಡ್ಡ ಎಂಜಿನ್ ಕೂರಿಸಿದ ಕಾರಿಗೂ 3ರ ಸಂಖ್ಯೆ ಬರುತ್ತದೆ.

ಐದನೆಯ ಹೆಜ್ಜೆ: ವರ್ಷ ಮತ್ತು ಸರಣಿ

ಇಲ್ಲಿ ಜೆಡ್ ಕಾರನ್ನೇ ಉದಾಹರಣೆಯಾಗಿ ಹಿಡಿದು ವಿವರವಾಗಿ ನೋಡೋಣ, ಏಕೆಂದರೆ ಇದು ಅಸಂಖ್ಯ ಚಿತ್ರಗಳಲ್ಲಿ ಸಿಗುವ ಕಾರು. ಯೋಶಿಹಿಕೊ ಮಾತ್ಸುಓ ನೇತೃತ್ವದ ತಂಡ ರೂಪಿಸಿದ ಇದು 1969ರಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಜೆಡ್ ಎಂದೂ ಹೊರದೇಶಗಳಲ್ಲಿ ಡಟ್ಸನ್ 240ಜೆಡ್ ಎಂದೂ ಬಂದಿತು. ಅಮೆರಿಕದ ಆರಂಭದ 240ಜೆಡ್‌ಗಳಲ್ಲಿ ಹಿಂಬಾಗಿಲ ಮೇಲೆ, ಗಾಜಿನ ಕೆಳಗೆ, ಗಾಳಿಯಾಡಲು ಎರಡು ಅಡ್ಡ ಕಿಂಡಿಗಳಿವೆ. ಪಕ್ಕದ ಗಾಜಿನ ಹಿಂದಿರುವ ಕಂಬದ ಮೇಲೆ 240ಜೆಡ್ ಎಂದು ಬರೆದ ಲಾಂಛನವಿದೆ. 1971ರ ಹೊತ್ತಿಗೆ ಹಿಂಬಾಗಿಲ ಕಿಂಡಿಗಳು ಮಾಯವಾಗಿ ಗಾಳಿಯ ದಾರಿ ಆ ಕಂಬಕ್ಕೇ ಬಂದಿತು, ಅಲ್ಲಿ ಜೆಡ್ ಅಕ್ಷರವಿರುವ ದುಂಡು ಲಾಂಛನ ಕೂತಿತು. ಹಿಂಬಾಗಿಲನ್ನು ಬದಲಿಸಬಹುದಾದರೂ ಕಂಬವನ್ನು ಬದಲಿಸುವುದು ಕಷ್ಟ. ಎರಡರ ಸಾಕ್ಷ್ಯ ಹೊಂದದಿದ್ದರೆ ಕಂಬವನ್ನೇ ನಂಬಬೇಕು.

1974ರಲ್ಲಿ ಬಂದ ನಾಲ್ಕು ಆಸನದ ಮಾದರಿಯ ವ್ಹೀಲ್‌ಬೇಸ್ 2,305ರಿಂದ 2,605 ಮಿ.ಮೀ.ಗೆ ಹಿಗ್ಗಿತು. ಅದರ ಚಾವಣಿ ಹಿಂದಕ್ಕೆ ಇನ್ನಷ್ಟು ದೂರ ಎತ್ತರವಾಗಿಯೇ ಸಾಗುತ್ತದೆ, ಹಿಂದಿನ ಪಕ್ಕದ ಗಾಜು ಗಮನಾರ್ಹವಾಗಿ ದೊಡ್ಡದು. ಜಪಾನಿನ ಒಳಗಿನ ಅಪರೂಪದ ಮಾದರಿಗಳಲ್ಲಿ ಜೆಡ್432 ಮುಖ್ಯವಾದುದು. ಈ ಸಂಖ್ಯೆಗೆ ಅರ್ಥವಿದೆ: ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವ್, ಮೂರು ಕಾರ್ಬ್ಯುರೇಟರ್, ಎರಡು ಕ್ಯಾಮ್‌ಶಾಫ್ಟ್. ಹಿಂದಿನಿಂದ ನೋಡಿದರೆ ಅದರ ಸೈಲೆನ್ಸರಿನ ಎರಡು ಕೊಳವೆಗಳು ಒಂದರ ಮೇಲೊಂದು ಇರುತ್ತವೆ. 1971ರ 240ಜೆಡ್‌ಜಿ ಮಾದರಿಗೆ ಚೂಪಾದ ಉದ್ದ ಮೂಗು, ಹೆಡ್‌ಲೈಟಿನ ಮೇಲೆ ಪಾರದರ್ಶಕ ಹೊದಿಕೆ, ರಿವೆಟ್ ಹೊಡೆದು ಕೂರಿಸಿದ ಅಗಲವಾದ ಚಕ್ರಕಮಾನುಗಳಿದ್ದವು. ಆದರೆ ಈ ಮೂಗನ್ನು ಬಿಡಿಭಾಗವಾಗಿ ಕೊಂಡು ಸಾಮಾನ್ಯ ಕಾರಿಗೆ ಜೋಡಿಸಿದವರು ಅನೇಕರಿರುವುದರಿಂದ, ಮೂಗೊಂದನ್ನು ನೋಡಿ ಅಸಲಿ ಎಂದು ಹೇಳಲಾಗದು.

ಆರನೆಯ ಹೆಜ್ಜೆ: ಈಗ ಲಾಂಛನದ ಕಡೆಗೆ

ಅನುಮಾನದಿಂದ ನೋಡಲೇಬೇಕಾದ ಲಾಂಛನವೆಂದರೆ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್‌ನದು. 1968ರಲ್ಲಿ ಬಂದ ಸಿ10 ಪೀಳಿಗೆಯ ಸ್ಕೈಲೈನನ್ನು ಜಪಾನಿನವರು ಪ್ರೀತಿಯಿಂದ ಹಾಕೊಸುಕಾ ಎನ್ನುತ್ತಾರೆ. ಹಾಕೊ ಎಂದರೆ ಪೆಟ್ಟಿಗೆ, ಸುಕಾ ಎಂಬುದು ಸ್ಕೈಲೈನ್‌ನ ಮೊಟಕು ರೂಪ. 1,989 ಸಿ.ಸಿ.ಯ, 24 ವಾಲ್ವ್‌ಗಳ ಎಸ್20 ಎಂಜಿನ್ನಿನ ಜಿಟಿ-ಆರ್ 1969ರಲ್ಲಿ ನಾಲ್ಕು ಬಾಗಿಲಿನ ರೂಪದಲ್ಲಿಯೂ 1970ರ ಅಕ್ಟೋಬರಿನಲ್ಲಿ ಎರಡು ಬಾಗಿಲಿನ ಹಾರ್ಡ್‌ಟಾಪ್ (ಪಕ್ಕದ ಗಾಜುಗಳ ನಡುವೆ ಕಂಬವಿಲ್ಲದ) ರೂಪದಲ್ಲಿಯೂ ಬಂದಿತು. ಇಂದು ಕಾಣುವ ಅನೇಕ ಜಿಟಿ-ಆರ್‌ಗಳು ಸಾಮಾನ್ಯ ಜಿಟಿ ಕಾರಿಗೆ ಲಾಂಛನ ಮತ್ತು ಕಪ್ಪು ಚಕ್ರಕಮಾನು ಹಚ್ಚಿ ಮಾಡಿದವು.

ಸಾಮಾನ್ಯ ಹಾಕೊಸುಕಾದ ಪಕ್ಕದಲ್ಲಿ, ಹಿಂದಿನ ಚಕ್ರದ ಮೇಲೆ, ತಗಡಿನಲ್ಲಿ ಒತ್ತಿದ ಒಂದು ಏಣುಗೆರೆ ಹರಿಯುತ್ತದೆ. ಅದನ್ನು ಸರ್ಫ್ ಲೈನ್ ಎಂದು ಕರೆಯುತ್ತಾರೆ. ಜಿಟಿ-ಆರ್‌ನಲ್ಲಿ ಅಗಲವಾದ ಟೈರಿಗೆ ಜಾಗ ಮಾಡಲು ಕಾರ್ಖಾನೆಯಲ್ಲೇ ಚಕ್ರದ ಕಮಾನನ್ನು ಮೇಲಕ್ಕೆ ಕತ್ತರಿಸಿದ್ದರಿಂದ ಈ ಗೆರೆ ಅಲ್ಲಿ ತುಂಡಾಗಿದೆ. ಗೆರೆ ಅಖಂಡವಾಗಿದ್ದು ಜಿಟಿ-ಆರ್ ಲಾಂಛನವಿದ್ದರೆ ಲಾಂಛನ ಸುಳ್ಳು ಹೇಳುತ್ತಿದೆ ಎನ್ನಬಹುದು. ಗೆರೆ ತುಂಡಾಗಿದ್ದರೆ ಮಾತ್ರ ಅಸಲಿ ಎಂದು ಹೇಳುವಂತಿಲ್ಲ, ಏಕೆಂದರೆ ಜಿಟಿ-ಆರ್‌ನಂತೆ ಕಾಣಲೆಂದು ಕಮಾನನ್ನು ಕತ್ತರಿಸಿಕೊಂಡವರೂ ಇದ್ದಾರೆ. ಕಾರೊಂದು ಅಸಲಿ ಅಲ್ಲ ಎಂದು ಫೋಟೋದಿಂದ ತೋರಿಸುವುದು ಸುಲಭ, ಅಸಲಿ ಎಂದು ತೋರಿಸುವುದು ಬಹಳ ಕಷ್ಟ. ಈ ವ್ಯತ್ಯಾಸವನ್ನು ಆಸಕ್ತರು ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

1972ರಲ್ಲಿ ಬಂದ ಮುಂದಿನ ಪೀಳಿಗೆಯನ್ನು, ಕೆನ್ ಮತ್ತು ಮೇರಿ ಎಂಬ ಜೋಡಿಯಿದ್ದ ಅದರ ಜಾಹೀರಾತಿನಿಂದಾಗಿ, ಕೆನ್‌ಮೆರಿ ಎನ್ನುತ್ತಾರೆ. 1973ರ ಕೆನ್‌ಮೆರಿ ಜಿಟಿ-ಆರ್ ತಯಾರಾದದ್ದು ಕೇವಲ 197. ಯಾವುದೋ ರಸ್ತೆಬದಿಯ ಚಿತ್ರದಲ್ಲಿ ಅದು ಸಿಕ್ಕಿತು ಎನ್ನುವ ಮುನ್ನ ಈ ಸಂಖ್ಯೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

1983ರ ಟೊಯೋಟಾ ಎಇ86 ವಿಷಯದಲ್ಲಿ ಅದಲುಬದಲಾಗುವುದು ಇಡೀ ಮುಖವೇ. ಮೇಲೇಳುವ ಹೆಡ್‌ಲೈಟ್ ಇರುವುದು ಸ್ಪ್ರಿಂಟರ್ ಟ್ರುಯೆನೊ, ಸ್ಥಿರ ಹೆಡ್‌ಲೈಟ್ ಇರುವುದು ಕೊರೊಲಾ ಲೆವಿನ್. ದೇಹ ಒಂದೇ ಆದ್ದರಿಂದ ಒಂದರ ಮೂಗನ್ನು ಇನ್ನೊಂದಕ್ಕೆ ಕೂರಿಸಬಹುದು, ಕೂರಿಸಿಯೂ ಇದ್ದಾರೆ. ಸಾಲದ್ದಕ್ಕೆ, ಅದೇ ದೇಹದಲ್ಲಿ ಸಾಧಾರಣ ಎಂಜಿನ್ ಇಟ್ಟ ಎಇ85 ಕೂಡ ಮಾರಾಟದಲ್ಲಿತ್ತು.

ಇಂಥ ಕಡೆಗಳಲ್ಲೆಲ್ಲ ಕೇಳಬೇಕಾದದ್ದು ಬಾನೆಟ್ ತೆರೆದು ತೆಗೆದ ಒಂದು ಚಿತ್ರವನ್ನು. ಎಂಜಿನ್ ಕೋಣೆಯ ಫಲಕದಲ್ಲಿ ಮಾದರಿಯ ಸಂಕೇತವಿರುತ್ತದೆ. ಜೆಡ್ ಕಾರಿನಲ್ಲಿ ಎಸ್30 ಎಂದಷ್ಟೇ ಇದ್ದರೆ 2 ಲೀಟರ್, ಎಚ್‌ಎಸ್30 ಎಂದಿದ್ದರೆ 2.4 ಲೀಟರ್, ಪಿಎಸ್30 ಎಂದಿದ್ದರೆ ಎಸ್20 ಎಂಜಿನ್ನಿನ 432. ಹಾಕೊಸುಕಾ ಹಾರ್ಡ್‌ಟಾಪಿನಲ್ಲಿ ಕೆಜಿಸಿ10 ಎಂಬುದು ಸಾಮಾನ್ಯ ಜಿಟಿ, ಕೆಪಿಜಿಸಿ10 ಎಂಬುದು ಜಿಟಿ-ಆರ್. ನಡುವೆ ಸೇರುವ ಪಿ ಅಕ್ಷರವೇ ಎಸ್20 ಎಂಜಿನ್ನಿನ ಗುರುತು.

ಕೊನೆಯ ಹೆಜ್ಜೆ: ಉತ್ತರವನ್ನು ಬರೆಯುವ ಕ್ರಮ

ಕಂಡದ್ದನ್ನು ಒಂದು ಸಾಲಿನಲ್ಲಿ, ಊಹಿಸಿದ್ದನ್ನು ಇನ್ನೊಂದು ಸಾಲಿನಲ್ಲಿ ಬರೆಯಬೇಕು. ಉದಾಹರಣೆಗೆ: “ಕಂಡದ್ದು: ತೋಡಿನೊಳಗಿನ ಹೆಡ್‌ಲೈಟ್, ಕಂಬದ ಮೇಲೆ ದುಂಡು ಲಾಂಛನ, ಪಕ್ಕದ ಸಣ್ಣ ದೀಪಗಳು, ತೆಳು ಬಂಪರ್. ಊಹೆ: ಅಮೆರಿಕಕ್ಕೆ ಹೋದ 240ಜೆಡ್, 1971 ಅಥವಾ 1972.” ಹೀಗೆ ಬರೆದರೆ ಬೇರೊಬ್ಬರು ತಪ್ಪನ್ನು ತಿದ್ದುವಾಗ ಯಾವ ಸುಳಿವಿನಲ್ಲಿ ಎಡವಿದ್ದೇವೆ ಎಂಬುದು ತಕ್ಷಣ ಗೊತ್ತಾಗುತ್ತದೆ. ಚಾಸಿ ನಂಬರಿನ ಚಿತ್ರವನ್ನು ಮಾಲೀಕರು ನಂಬಿಕೆಯಿಂದ ಕಳುಹಿಸಿದ್ದರೆ ಮಾದರಿಯ ಸಂಕೇತವನ್ನು ಮಾತ್ರ ಉಳಿಸಿಕೊಂಡು ಅದರ ಮುಂದಿನ ಅಂಕಿಗಳನ್ನೂ ನಂಬರ್ ಪ್ಲೇಟನ್ನೂ ಮರೆಮಾಡಿ ಬೇರೆಯವರಿಗೆ ತೋರಿಸಬೇಕು, ಏಕೆಂದರೆ ಈ ಕಾರುಗಳ ಬೆಲೆ ಏರಿದಂತೆ ಅವುಗಳ ಮೇಲೆ ಕಳ್ಳರ ಕಣ್ಣೂ ಬಿದ್ದಿದೆ.